ಯಾಂಜಿ ತುಂಬಿಕೊಟ್ಟ ಛಾಂಗ್

ಹಿಮದ ಬೆಟ್ಟಗಳ ನಡುವಿನ ಬೇಡಿಂಗ್ ಊರಿನಲ್ಲಿ ಯಾರಿಗಾದರೂ ಇನ್ನೊಬ್ಬರಿಂದ ಏನಾದರೂ ಆಗಬೇಕಿದ್ದರೆ ಮೊದಲು ಯಾಂಜಿಯ ಮನೆಗೆ ಬರುತ್ತಿದ್ದರು. ಹೆಣ್ಣು ಕೇಳುವವರು, ಮುರಿದುಬಿದ್ದ ಮಾತು ಕೂಡಿಸಿಕೊಳ್ಳುವವರು, ಹೇರಿಗೆ ಯಾಕ್ ಎತ್ತು ಬೇಕಾದವರು, ಎಲ್ಲರೂ ಖಾಲಿ ಮಡಕೆ ಹಿಡಿದು ಬಂದು ಛಾಂಗ್ ಎಂಬ ರಾಗಿಯ ಹೆಂಡ ತುಂಬಿಸಿಕೊಂಡು ಹೋಗುವರು. ಮಡಕೆಯ ಬಾಯಿಗೆ ಮೂರು ಕಡೆ ಬೆಣ್ಣೆ ಮೆತ್ತಬೇಕು. ಕೆಲಸ ಆಗಬೇಕಾದವರ ಮನೆಗೆ ಒಯ್ದು ಬಟ್ಟಲಿಗೆ ಬಗ್ಗಿಸಿ ಕೊಡಬೇಕು. ಅವರು ಮೂರು ಬಟ್ಟಲು ಕುಡಿದರೆಂದರೆ ಕೇಳಿದ್ದನ್ನು ನಡೆಸಿಕೊಟ್ಟಂತೆ. ನಡೆಸುವ ಮನಸ್ಸಿಲ್ಲದಿದ್ದರೆ ಮೊದಲ ಬಟ್ಟಲನ್ನೇ ಮುಟ್ಟಬಾರದು. ಮುಟ್ಟದೆ ಕೂರುವುದೇನು ಸುಲಭವಲ್ಲ. ತಂದವರು ಬಟ್ಟಲು ಚಾಚಿಕೊಂಡು ನಿಂತೇ ಇರುತ್ತಾರೆ. ಮನೆಯವರೆಲ್ಲ ಸೇರಿ ಕುಡಿ ಕುಡಿ ಎನ್ನುತ್ತಾರೆ.

ಯಾಂಜಿಯ ಛಾಂಗನ್ನು ಮುಟ್ಟದೆ ಇರುವುದು ಇನ್ನೂ ಕಷ್ಟ. ಕೆಳಗಿನ ಊರುಗಳಿಂದ ಹೊತ್ತು ತಂದ ರಾಗಿಯನ್ನು ಬೇಯಿಸಿ, ಚಾಪೆಯ ಮೇಲೆ ಹರವಿ, ಅಂಗೈಯ ಹಿಂಬದಿ ಇಟ್ಟು ನೋಡುವಳು. ಮಲಗಿದ ಮಗುವಿನ ಕೆನ್ನೆಯಷ್ಟು ಬೆಚ್ಚಗಿರುವಾಗಲೇ ಹುದುಗಿನ ಉಂಡೆ ಪುಡಿ ಮಾಡಿ ಬೆರೆಸಬೇಕು. ಆಮೇಲೆ ಕಂಬಳಿ ಸುತ್ತಿ ಒಲೆಯ ಹಿಂದಿನ ಮೂಲೆಯಲ್ಲಿಡುವಳು. ಅವಳ ತಾಯಿ ಮಾಡುತ್ತಿದ್ದುದೂ ಹೀಗೆಯೇ. ಬಂದವರನ್ನು ಯಾರಿಗೆ, ಯಾಕೆ ಎಂದು ತಾಯಿಯೂ ಕೇಳಿದವಳಲ್ಲ, ಮಗಳೂ ಕೇಳಿದವಳಲ್ಲ.

ಯಾಂಜಿಯ ಮದುವೆ ಕುದುರಿದ್ದೂ ಆ ತಾಯಿಯ ಛಾಂಗಿನಿಂದಲೇ. ಗ್ಯಾಲ್ಬುವಿನ ತಂದೆ ಬಂದು ಮಡಕೆ ತುಂಬಿಸಿಕೊಂಡ, ಬಾಗಿಲಾಚೆ ಹೋದ, ಅಲ್ಲೇ ಹಿಂದಿರುಗಿ ಅದೇ ಬಾಗಿಲಿನಿಂದ ನೆಂಟನ ಹಾಗೆ ಒಳಗೆ ಬಂದು ಯಾಂಜಿಯ ತಂದೆಯ ಮುಂದೆ ಬಟ್ಟಲು ಹಿಡಿದ. ಅದನ್ನು ನೆನೆದು ಊರು ಎಷ್ಟೋ ವರ್ಷ ನಕ್ಕಿತು.

ಗ್ಯಾಲ್ಬು ಚಾರಣದವರಿಗೆ ದಾರಿ ತೋರಿಸುವವನಾದ. ತಾಶಿ ಲಾಪ್ಚಾ ಘಾಟಿಯ ಕೆಳಗೆ ಕಲ್ಲು ಉರುಳುವ ಒಂದು ಇಳಿಜಾರಿದೆ. ಬಿಸಿಲು ಬಿದ್ದು ಮಂಜು ಸಡಿಲಾದರೆ ಮೇಲಿನಿಂದ ಬಂಡೆಗಳೇ ಬರುತ್ತವೆ. ಅಲ್ಲಿ ಯಾವ ಹೊತ್ತಿಗೆ ಕಾಲಿಡಬೇಕು, ಎಲ್ಲಿ ನಿಂತು ಕಿವಿಗೊಡಬೇಕು ಎಂಬುದು ಗ್ಯಾಲ್ಬುವಿಗೆ ಗೊತ್ತಿತ್ತು. ಅದಕ್ಕೇ ತಂಡಗಳ ಸರ್ದಾರ ಉರ್ಕೆನ್ ಅವನನ್ನು ಬಿಟ್ಟು ಆ ಘಾಟಿ ಏರುತ್ತಿರಲಿಲ್ಲ.

ಆ ವರ್ಷದ ವಸಂತದಲ್ಲಿ ಗ್ಯಾಲ್ಬು ಘಾಟಿಯಿಂದ ಕೆಮ್ಮುತ್ತಾ ಇಳಿದುಬಂದ. ಶೀತ ಎಂದ. ಒಂದು ಬೆಳಿಗ್ಗೆ ಆಲೂಗಡ್ಡೆ ಹೊಲದ ಗೋಡೆಯ ಹಿಂದೆ ಅವನು ಉಗುಳಿದ್ದನ್ನು ಯಾಂಜಿ ನೋಡಿದಳು. ಹಿಮದ ಮೇಲೆ ಕೆಂಪು ಬೆರೆತ ನೊರೆ. ಅವಳ ಚಿಕ್ಕಪ್ಪ ಮೇಲಿನ ದೊಡ್ಡಿಯಲ್ಲಿ ಹೀಗೇ ಉಗುಳಿ, ಸಂಜೆಯೊಳಗೆ ಸತ್ತಿದ್ದ. ಗಂಡನ ಬೆನ್ನಿಗೆ ಕಿವಿ ಇಟ್ಟಳು. ಒಳಗೆ ನೀರು ಕುದಿಯುವ ಸದ್ದು.

"ನೀನಿನ್ನು ಮೇಲಕ್ಕೆ ಹೋಗ್ಬೇಡ."

"ಹೋಗದೆ ಏನ್ಮಾಡ್ಲಿ? ನಿನ್ನ ಜೊತೆ ರಾಗಿ ಹರವ್ಲಾ?" ಅಂದ ಗ್ಯಾಲ್ಬು. "ಇದನ್ನ ಯಾರ ಹತ್ರಾನಾದ್ರೂ ಬಾಯಿಬಿಟ್ಟೆಯೋ, ಉರ್ಕೆನ್ ನನ್ನ ಕೈಲಿ ಪಾತ್ರೆ ತೊಳೆಸ್ತಾನೆ. ಒಲೆಕಲ್ಲು ಮುಟ್ಟಿ ಹೇಳು, ಯಾರಿಗೂ ಹೇಳಲ್ಲ ಅಂತ."

ಯಾಂಜಿ ಒಲೆಕಲ್ಲು ಮುಟ್ಟಿದಳು. ಕಲ್ಲು ಇನ್ನೂ ಬಿಸಿಯಿತ್ತು.

ಬೇಸಿಗೆ ಕಳೆದು ಮಳೆ ನಿಂತ ಮೇಲೆ ಚಾರಣದ ಕಾಲ ಬಂತು. ಉರ್ಕೆನ್ ತಂಡವೊಂದನ್ನು ಹೊಂದಿಸುತ್ತಿದ್ದಾನೆ, ಘಾಟಿಗೇ ಹೋಗುವುದು ಎಂದು ಸುದ್ದಿಯಾಯಿತು. ಗ್ಯಾಲ್ಬು ಹಳೆಯ ಬೂಟಿಗೆ ಎಣ್ಣೆ ಸವರುತ್ತಾ ಕೂತ. ಯಾಂಜಿ ಬೇಡಿದಳು, ಬೈದಳು, ಮಾತು ಬಿಟ್ಟಳು. ಯಾವುದಕ್ಕೂ ಅವನು ಬಗ್ಗಲಿಲ್ಲ. ಆಗ ಅವಳಿಗೆ ಇದ್ದದ್ದು ಒಂದೇ ದಾರಿ. ಛಾಂಗ್ ಒಯ್ದರೆ ಯಾಕೆ ಎಂದು ಹೇಳಬೇಕಾಗಿಲ್ಲ. ಕುಡಿದವನು ಕೇಳಿದ್ದನ್ನು ಕೊಡಬೇಕು, ಅಷ್ಟೇ. ಉರ್ಕೆನ್ ಕುಡಿದರೆ ಗ್ಯಾಲ್ಬುವನ್ನು ಬಿಟ್ಟು ಹೋಗಲೇಬೇಕು, ಯಾಂಜಿಯ ಆಣೆಯೂ ಮುರಿಯುವುದಿಲ್ಲ. ಎಲ್ಲರ ಕೋರಿಕೆಗೂ ಛಾಂಗ್ ಕೊಟ್ಟವಳು ತನ್ನ ಕೋರಿಕೆಗೆ ಒಂದು ಮಡಕೆಯನ್ನೂ ಹೊತ್ತವಳಲ್ಲ. ಈಗ ತನಗಾಗಿಯೇ ಬೇರೆ ರಾಗಿ ಬೇಯಿಸಿ ಹುದುಗಿಟ್ಟಳು.

ಕಂಬಳಿ ಬಿಚ್ಚಿದ ದಿನ ಹುದುಗಿದ ರಾಗಿ ಒಂದು ಕಡೆ ತಗ್ಗಿತ್ತು. ಯಾರೋ ತೆಗೆದಿದ್ದಾರೆ. ನಾದಿನಿಯದೇ ಕೈ, ಅವಳು ಹೀಗೆ ರುಚಿ ನೋಡುವವಳೇ ಎಂದುಕೊಂಡು ಯಾಂಜಿ ಗೊಣಗಿದಳು. ಉಳಿದದ್ದಕ್ಕೆ ನೀರು ಹಾಕಿ ಹಿಂಡಿ, ಸೋಸಿ, ಮಡಕೆ ತುಂಬಿ, ಬೆಣ್ಣೆ ಮೆತ್ತಿಕೊಂಡು ಉರ್ಕೆನ್‌ನ ಮನೆಗೆ ಹೋದಳು.

ಉರ್ಕೆನ್‌ನ ಹೆಂಡತಿ ಲ್ಹಾಮು ಬಾಗಿಲಲ್ಲೇ ನಕ್ಕಳು. "ಅಯ್ಯೋ, ಛಾಂಗ್ ಮಾಡೋಳೇ ಮಡಕೆ ಹೊತ್ಕೊಂಡ್ ಬಂದವ್ಳೆ! ಯಾರಿಗೆ ಹೆಣ್ಣು ಕೇಳೋಕೆ ಬಂದ್ಯೇ? ಇವನನ್ನೇ ಕೇಳೋದಾದ್ರೆ ಕೊಟ್ಬಿಡ್ತೀನಿ, ಕರ್ಕೊಂಡು ಹೋಗು."

ಯಾಂಜಿ ನಗಲಿಲ್ಲ. ಬಟ್ಟಲಿಗೆ ಬಗ್ಗಿಸಿ ಉರ್ಕೆನ್‌ನ ಮುಂದೆ ಹಿಡಿದಳು. ಅವನು ಬಟ್ಟಲನ್ನು ನೋಡಿದ, ಅವಳನ್ನು ನೋಡಿದ, ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಕುಡಿಯೋಕಾಗಲ್ಲ ತಂಗಿ."

"ಯಾಕಣ್ಣಾ? ನಾನು ಈವರೆಗೂ ಏನೂ ಕೇಳ್ದೋಳಲ್ಲ."

"ಅದು ಗೊತ್ತು. ನಿನ್ನ ಗಂಡ ಮೊನ್ನೇನೇ ಬಂದಿದ್ದ." ಉರ್ಕೆನ್ ಮೂಲೆಯತ್ತ ಗದ್ದ ತೋರಿಸಿದ. ಅಲ್ಲಿ ಯಾಂಜಿಯ ಮನೆಯದೇ ಸಣ್ಣ ಮಡಕೆ ಬೋರಲಾಗಿತ್ತು. "ನಿನ್ನದೇ ಛಾಂಗು. ಮೂರು ಬಟ್ಟಲೂ ಕುಡಿದೆ. ಯಾಂಜಿ ಬಂದು ಏನೇ ಕೇಳ್ಲಿ, ನನ್ನ ಬಿಟ್ಟು ಹೋಗ್ಬೇಡ ಅಂದ. ಒಂದೇ ಬಾಯಲ್ಲಿ ಎರಡು ಮಾತು ಹೇಗಮ್ಮ ಕೊಡ್ಲಿ?"

ಯಾಂಜಿ ಚಾಚಿದ ಕೈ ಹಾಗೇ ಇತ್ತು.

"ಏನಾದ್ರೂ ತೊಂದ್ರೆ ಇದ್ರೆ ಬಾಯಿಬಿಟ್ಟು ಹೇಳು," ಅಂದ ಉರ್ಕೆನ್. "ಛಾಂಗ್ ಬೇಡ, ಮಾತಲ್ಲೇ ಹೇಳು. ಅವನಿಗೆ ಮೈ ಸರಿಯಿಲ್ವಾ?"

ಬಿಸಿಯಾದ ಒಲೆಕಲ್ಲು ಅವಳ ಅಂಗೈಗೆ ನೆನಪಾಯಿತು. "ಏನಿಲ್ಲ," ಅಂದಳು. ಬಟ್ಟಲಿನದನ್ನು ಮಡಕೆಗೆ ಸುರಿದುಕೊಂಡು ಎದ್ದಳು. ಲ್ಹಾಮು ಆಗ ನಗುತ್ತಿರಲಿಲ್ಲ.

ಮನೆಗೆ ಹೋಗುವ ದಾರಿ ಹೊಳೆಯ ದಂಡೆಯಲ್ಲಿತ್ತು. ಅಲ್ಲಿ ಉರ್ಕೆನ್‌ನ ತಂಡದ ಚಾರಣದವರ ಗುಡಾರಗಳು ಎದ್ದಿದ್ದವು. ತಂಡದಲ್ಲಿ ವಯಸ್ಸಾದ ಒಬ್ಬ ಹೆಂಗಸು, ಬಿಳಿ ಕೂದಲು, ಯಾವುದೋ ದೂರದೇಶದವಳು, ಹೆಸರು ಮರೀಕೆ. ಮಡಿಚುವ ಕುರ್ಚಿಯ ಮೇಲೆ ಕೂತು ಕಾಲಿನ ಬೊಬ್ಬೆಗೆ ಪಟ್ಟಿ ಅಂಟಿಸಿಕೊಳ್ಳುತ್ತಿದ್ದಳು. ತಲೆಯೆತ್ತಿ ಮಡಕೆ ನೋಡಿ, ಏನದು ಎಂದು ಕೈಯಲ್ಲೇ ಕೇಳಿದಳು.

ಯಾಂಜಿ ಮಡಕೆ ಇಳಿಸಿದಳು. ಮರೀಕೆ ಮೊದಲ ಬಟ್ಟಲನ್ನು ಮೂಸಿ, ಚಪ್ಪರಿಸಿ, ಪೂರಾ ಕುಡಿದಳು. ಎರಡನೆಯದಕ್ಕೆ ತಾನೇ ಬಟ್ಟಲು ಚಾಚಿದಳು. ಮೂರನೆಯದು ಮುಗಿಯುವಷ್ಟರಲ್ಲಿ ತಂಡದ ಅಡುಗೆಯ ಬುದ್ಧಿಮಾನ್ ಸೌಟು ಹಿಡಿದೇ ಓಡಿಬಂದ.

"ಅಕ್ಕಾ, ಏನ್ ಮಾಡ್ದೆ! ಅವ್ಳಿಗೆ ನಮ್ಮ ಕಟ್ಟು ಗೊತ್ತಾ? ಪಾಪ, ನೀರಡಿಕೆ ಅಂತ ಕುಡಿದ್ಳು."

"ಕುಡಿದಾಯ್ತಲ್ಲ. ಈಗ ನಾನು ಹೇಳಿದ್ದನ್ನ ಅವಳ ಮಾತಲ್ಲಿ ಹೇಳು," ಅಂದಳು ಯಾಂಜಿ. "ಮೇಲೆ ಹೋದ್ಮೇಲೆ ನನ್ನ ಗಂಡ ಮಲಗಿದಾಗ ಕೆಮ್ಮಿದ್ರೆ, ನಂಗೆ ತಲೆನೋವು, ಕೆಳಗೆ ಹೋಗ್ಬೇಕು ಅಂತ ಇವಳು ಹಟ ಹಿಡೀಬೇಕು. ಅವನೇ ಕರ್ಕೊಂಡು ಬರ್ಬೇಕು, ಬೇರೆ ಯಾರೂ ಬೇಡ ಅನ್ಬೇಕು."

"ಇಷ್ಟು ದೂರದಿಂದ ಆ ಘಾಟಿ ಹತ್ತೋಕೆ ಅಂತ ಬಂದವ್ಳೆ ಅಕ್ಕಾ!"

"ಹೇಳು."

ಬುದ್ಧಿಮಾನ್ ತನಗೆ ಬರುವ ಮುಕ್ಕಾಲು ಮಾತಿನಲ್ಲಿ, ಉಳಿದದ್ದು ಸೌಟಿನಲ್ಲಿ ತೋರಿಸಿ ಹೇಳಿದ. ಮರೀಕೆಯ ಮುಖದ ನಗು ನಿಧಾನವಾಗಿ ಇಳಿಯಿತು. ಅವಳು ಬಟ್ಟಲನ್ನು ನೋಡಿದಳು, ಗುಡಾರಗಳಾಚೆಯ ಬಿಳಿ ಶಿಖರವನ್ನು ನೋಡಿದಳು.

ಮರುದಿನ ತಂಡ ಹೊರಟಿತು. ಯಾಂಜಿ ಗಂಡನ ಕೊರಳಿಗೆ ಹಾರೈಕೆಯ ಖತಾ ವಸ್ತ್ರ ಹಾಕಿದಳು. ಸಣ್ಣ ಮಡಕೆಯ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ನಾಲ್ಕನೆಯ ದಿನ ಯಾಂಜಿ ಆಲೂಗಡ್ಡೆ ಕೀಳುತ್ತಿದ್ದಾಗ ಮೇಲಿನ ದಾರಿಯಲ್ಲಿ ಇಬ್ಬರು ಬರುವುದು ಕಂಡಿತು. ಮುಂದೆ ಬಿಳಿ ಕೂದಲು, ಹಿಂದೆ ಎರಡು ಚೀಲ ಹೊತ್ತ ಗ್ಯಾಲ್ಬು. ತಲೆನೋವಿನವಳ ನಡಿಗೆ ಚುರುಕಾಗಿತ್ತು. ಹೊರೆ ಹೊತ್ತವನೇ ತಿರುವು ತಿರುವಿಗೂ ಕೋಲೂರಿ ನಿಲ್ಲುತ್ತಿದ್ದ. ಯಾಂಜಿಯ ಎದುರು ಬಂದಾಗ ಮರೀಕೆ ಮಾತಾಡದೆ ಮೂರು ಬೆರಳು ಎತ್ತಿ ತೋರಿಸಿದಳು. ಕಣ್ಣು ಒದ್ದೆಯಾಗಿತ್ತು. ಬೇರೊಬ್ಬ ಹೊರೆಯಾಳನ್ನು ಕರೆದುಕೊಂಡು ಆ ದಿನವೇ ಕೆಳಗೆ ಹೊರಟುಹೋದಳು.

ಗ್ಯಾಲ್ಬು ಒಲೆಯ ಮುಂದೆ ಕೂತು ಬೂಟು ಬಿಚ್ಚಿದ.

"ಆ ಮುದುಕೀಗೆ ತಲೆನೋವಿರ್ಲಿಲ್ಲ," ಅಂದ. "ಇಳಿಯುವಾಗ ಹಾಡ್ಕೊಂಡು ಬಂದ್ಳು. ನೀನೇನ್ ಕುಡಿಸ್ದೆ ಅವಳಿಗೆ?"

"ನೀನು ಉರ್ಕೆನ್‌ಗೆ ಕುಡಿಸಿದ್ದನ್ನೇ."

"ಕಲ್ಲಿನ ಜಾಗ ದಾಟ್ಸೋರು ಯಾರೀಗ? ಉರ್ಕೆನ್ ತಾನೇ ಮುಂದೆ ಹೋಗ್ತೀನಿ ಅಂದ. ಅವನಿಗೆ ಕಿವಿ ಮಂದ, ನಿಂಗೆ ಗೊತ್ತು ತಾನೆ?"

ಯಾಂಜಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಗಂಡನನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಅವಳಿಗೆ ಅದು ಹೊಳೆದಿರಲಿಲ್ಲ. ಆಮೇಲೆ ಎರಡು ದಿನ ಗ್ಯಾಲ್ಬು ಅವಳ ಕಡೆ ಮುಖ ತಿರುಗಿಸಲಿಲ್ಲ. ಅವಳು ಪ್ರತಿ ಸಲ ಹೊರಗೆ ಹೋದಾಗಲೂ ಮೇಲಿನ ದಾರಿ ನೋಡಿ ಬರುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಹೊರೆಯಾಳೊಬ್ಬ ಕೈಗೆ ಬಟ್ಟೆ ಸುತ್ತಿಕೊಂಡು ಇಳಿದು ಬಂದ. ಉರ್ಕೆನ್‌ನ ಕಾಲಿನ ಮೇಲೆ ಬಂಡೆ ಬಿದ್ದಿದೆ. ಅವನು ಮೊದಲು ದಾಟಿಸಿದ ತಂಡದ ಉಳಿದವರು ಅದಕ್ಕೂ ಮುಂಚೆಯೇ ಓಡಿ ಆಚೆಗೆ ಇಳಿದಿದ್ದಾರೆ. ಉರ್ಕೆನ್‌ನನ್ನು ಒಂದು ಬಂಡೆಯ ಮರೆಯಲ್ಲಿ ಮಲಗಿಸಿದೆ. ಜೊತೆಗೆ ಒಬ್ಬ ಹೊರೆಯಾಳು ಕೂತಿದ್ದಾನೆ. ಹೊತ್ತು ತರಬೇಕಾದರೆ ಆ ಇಳಿಜಾರನ್ನು ಮತ್ತೆ ದಾಟಬೇಕು, ಅಲ್ಲಿ ಕೂತವನಿಗೆ ದಾರಿ ತಿಳಿಯದು. ಊರಿನ ಗಟ್ಟಿಗರೆಲ್ಲ ಬೇರೆ ಬೇರೆ ತಂಡಗಳ ಜೊತೆ ಹೋಗಿದ್ದರು. ಆಗಿನ್ನೂ ಆ ಕಡೆ ಫೋನು ಬಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಲ್ಹಾಮು ಬಂದಳು. ಕೈಯಲ್ಲಿ ಖಾಲಿ ಮಡಕೆ.

"ತುಂಬಿ ಕೊಡ್ತೀಯಾ?"

ಒಲೆಯ ಮುಂದೆ ಗ್ಯಾಲ್ಬು ಬೆನ್ನು ಹಾಕಿ ಕೂತಿದ್ದ. ಯಾಂಜಿ ಸೌಟು ಹಿಡಿದು ನಿಂತಳು. ಮುಗಿದಿದೆ ಎನ್ನಬಹುದಿತ್ತು. ಆದರೆ ಮನೆಯ ತುಂಬ ಹುದುಗಿದ ರಾಗಿಯ ವಾಸನೆ.

"ಯಾರಿಗೆ ಅಕ್ಕಾ?" ಅಂದಳು. ಛಾಂಗ್ ಕೇಳಿ ಬಂದವರನ್ನು ಅವಳು ಹಾಗೆ ಕೇಳಿದ್ದು ಅದೇ ಮೊದಲು.

"ನಿಂಗೆ ಗೊತ್ತು," ಅಂದಳು ಲ್ಹಾಮು.

ಯಾಂಜಿ ತುಂಬಿದಳು, ಕಂಠದವರೆಗೂ. ಲ್ಹಾಮು ಬೆಣ್ಣೆ ತರುವುದನ್ನು ಮರೆತಿದ್ದಳು. ಯಾಂಜಿಯೇ ತನ್ನ ಬೆಣ್ಣೆಯಿಂದ ಚಿಟಿಕೆ ಚಿಟಿಕೆ ತೆಗೆದು ಮೂರು ಕಡೆ ಮೆತ್ತಿದಳು. ಲ್ಹಾಮು ಮಡಕೆ ಎತ್ತಿಕೊಂಡು ಬಾಗಿಲಾಚೆ ಹೋದಳು, ಅಂಗಳದಲ್ಲೇ ತಿರುಗಿದಳು, ಅದೇ ಬಾಗಿಲಿನಿಂದ ಒಳಗೆ ಬಂದು ಗ್ಯಾಲ್ಬುವಿನ ಮುಂದೆ ಬಟ್ಟಲು ಹಿಡಿದಳು. ಈ ಸಲ ಯಾರೂ ನಗಲಿಲ್ಲ.

ಗ್ಯಾಲ್ಬು ಬಟ್ಟಲನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ.

"ಕುಡಿ," ಅಂದಳು ಯಾಂಜಿ.

ಮೊದಲನೆಯದು ಕುಡಿದ. ಎರಡನೆಯದೂ ಹೋಯಿತು. ಅದು ಗಂಟಲಲ್ಲಿದ್ದಾಗಲೇ ಕೆಮ್ಮು ಬಂತು. ಮಾಮೂಲಿ ಕೆಮ್ಮಲ್ಲ, ಮೈಯೆಲ್ಲ ಮಡಚಿಸುವಂಥದ್ದು. ಬಾಯಿಗೆ ಒತ್ತಿಕೊಂಡ ತೋಳು ತೆಗೆದಾಗ ಅಂಗಿಯ ಮೇಲೆ ಕೆಂಪು ನೊರೆ. ಲ್ಹಾಮು ಅದನ್ನು ನೋಡಿದಳು, ಆಮೇಲೆ ಯಾಂಜಿಯ ಮುಖ ನೋಡಿದಳು. ಅವತ್ತು ಮಡಕೆ ಹೊತ್ತು ಬಂದವಳಿಗೆ ಏನು ಬೇಕಿತ್ತು ಎಂದು ಈಗ ತಿಳಿಯಿತು.

"ಬೇಡ," ಅಂದು ಮೂರನೆಯ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. "ಎರಡೇ ಸಾಕು ತಮ್ಮಾ. ಎರಡಕ್ಕೆ ಕಟ್ಟಿಲ್ಲ."

ಗ್ಯಾಲ್ಬು ಕೈ ಚಾಚಿ ಅವಳ ಬೆರಳು ಬಿಡಿಸಿ ಬಟ್ಟಲು ತೆಗೆದುಕೊಂಡ. ಕುಡಿದು ಬೋರಲು ಹಾಕಿದ.

ಯಾಂಜಿ ಆಗಲೇ ಡೋಕೊ ಬುಟ್ಟಿಗೆ ಹುರಿಹಿಟ್ಟು, ಕಂಬಳಿ, ಹಗ್ಗ ತುಂಬುತ್ತಿದ್ದಳು. ಬುಟ್ಟಿಯ ಪಟ್ಟಿಯನ್ನು ತನ್ನ ಹಣೆಗೇ ಏರಿಸಿಕೊಂಡಳು. "ಹಿಮನದಿಯ ಬಾಯಿವರೆಗೂ ಹೊರೆ ನಂದು. ನೀನು ಬರೀ ಕೈ ಬೀಸ್ಕೊಂಡು ನಡಿ. ಅಲ್ಲಿಂದಾಚೆ ನಿಂದು."

ಹಿಮನದಿಯ ಅಂಚಿನಲ್ಲಿ ಕುರುಬರ ಕಲ್ಲಿನ ಗುಡಿಸಲಿದೆ. ಅಲ್ಲಿ ಅವಳು ಕಾದಳು. ಎರಡನೆಯ ದಿನ ಮಂಜಿನೊಳಗಿಂದ ಉರ್ಕೆನ್‌ನನ್ನು ಬೆನ್ನಿಗೆ ಕಟ್ಟಿಕೊಂಡ ಹೊರೆಯಾಳು ಬಂದ. ಅವನ ಹಿಂದೆ ಯಾರೂ ಇರಲಿಲ್ಲ. ಯಾಂಜಿ ಎದ್ದಳು. ಹಿಮದ ಮೇಲಿನ ಹೆಜ್ಜೆ ಹಿಡಿದು ಮೇಲಕ್ಕೆ ನಡೆದಳು. ಗ್ಯಾಲ್ಬು ಒಂದು ಕಲ್ಲಿಗೆ ಒರಗಿ ಕೂತಿದ್ದ, ತುಟಿ ನೀಲಿಯಾಗಿತ್ತು. "ಇಬ್ರನ್ನೂ ದಾಟಿಸ್ದೆ ಕಣೇ," ಅಂದ. ಅವಳು ಉರ್ಕೆನ್‌ನ ಹಾಗೆಯೇ ಅವನನ್ನೂ ಬೆನ್ನಿಗೆ ಕಟ್ಟಿಕೊಂಡಳು.

ಉರ್ಕೆನ್ ಕುಂಟುತ್ತಾ ಬದುಕಿದ. ಗ್ಯಾಲ್ಬುವೂ ಉಳಿದ, ಆದರೆ ಮತ್ತೆ ಅಂಗಾತ ಮಲಗಲಾಗಲಿಲ್ಲ. ಚಳಿಗಾಲವಿಡೀ ಗೋಡೆಗೆ ಒರಗಿಯೇ ನಿದ್ದೆ ಮಾಡಿದ. ಹಣೆಪಟ್ಟಿ ಒತ್ತಿದ ಗುರುತು ಯಾಂಜಿಯ ಹಣೆಯಿಂದ ಬಹಳ ದಿನ ಹೋಗಲಿಲ್ಲ. ಮಡಕೆ ಹಿಡಿದು ಬಂದವರಿಗೆ ಅವಳು ಈಗಲೂ ಛಾಂಗ್ ಕೊಡುತ್ತಾಳೆ. ಆದರೆ ಸೌಟು ಎತ್ತುವ ಮೊದಲು ಕೇಳುತ್ತಾಳೆ: "ಯಾರಿಗೆ? ಏನು ಕೇಳೋಕೆ?" ಕೆಲವರು ಮುನಿಸಿಕೊಂಡು ಹೋಗುತ್ತಾರೆ. ಗೋಡೆಗೆ ಒರಗಿದ ಗ್ಯಾಲ್ಬು ಅದನ್ನು ಕೇಳಿ ನಗುತ್ತಾನೆ. ನಗು ಕೆಮ್ಮಾಗುವುದಕ್ಕೆ ಮೊದಲೇ ಅವಳು ಸೌಟು ಕೆಳಗಿಟ್ಟು ಎದ್ದು ಬಂದು ಅವನ ಬೆನ್ನು ಹಿಡಿಯುತ್ತಾಳೆ.