ಐದನೆಯ ಪಿನ್ನು

ಹೋದ ವರ್ಷ ಥಂಡಿ ದಿನಗಳಲ್ಲಿ ವಡಗಾವಿಯ ನಮ್ಮ ಮನೆಯ ಮಾಳಿಗೆಯ ಮೇಲೆ ದಿನಾ ಮೂರು ಮಂದಿ ಕೂಡುತ್ತಿದ್ದೆವು. ನಾನು, ಬಾಜು ಮನೆಯ ಜೈನರ ಅಕ್ಕ, ಮತ್ತೆ ಕೆಳಗಿನ ಓಣಿಯ ಮಗ್ಗದ ಮನೆಯ ಸೊಸೆ. ನೀರಿನ ಟಾಕಿಯ ನೆರಳು ಸರಿದು ಬಿಸಿಲು ಚಾಪೆಗೆ ಬಂತೆಂದರೆ ಮೂವರೂ ಕ್ರೋಶಾ ಸೂಜಿ ಹಿಡಿದು ಹಾಜರು. ಅಕ್ಕನೇ ನಮ್ಮಿಬ್ಬರಿಗೂ ಗುರು. ಸೊಸೆಗೆ ಬಾಗಿಲ ತೋರಣ ಹೆಣೆಯುವ ಹುಚ್ಚು. ಅಕ್ಕ ಅಳಿಯನಿಗೆಂದು ಒಂದು ಮಫ್ಲರು ಹಿಡಿದು ಎರಡು ಚಳಿಗಾಲ ಕಳೆದಿದ್ದಳು; ಅಳಿಯ ಮುದುಕನಾಗುವುದರೊಳಗೆ ಮುಗಿಸು ಎಂದು ನಾವು ಕಾಡಿಸುತ್ತಿದ್ದೆವು. ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ಕೂಸಿನ ಟೋಪಿ.

ಆ ಕೂಸು ಖಾನಾಪುರದಲ್ಲಿರುವ ನನ್ನ ತಂಗಿಯ ಮೊಮ್ಮಗು. ತಂಗಿಯ ಮಗಳನ್ನು ಪೀರನವಾಡಿಗೆ ಕೊಟ್ಟಿದ್ದೇವೆ. ಅವಳ ಮೊದಲ ಬಸಿರು ನಿಲ್ಲಲಿಲ್ಲ. ಆಗ ಅವಳು ತವರಿಗೆ ಬಂದಿದ್ದಳು ಎನ್ನುವುದನ್ನೇ ಹಿಡಿದು ಅವಳ ಅತ್ತೆ, ನಮ್ಮ ಬೀಗತಿ, ಖಾನಾಪುರದವರ ಅಲಕ್ಷ್ಯವೇ ಕಾರಣ ಅಂದುಬಿಟ್ಟಿದ್ದರು. ಈ ಸಲ ಎಂಟು ತಿಂಗಳಿಗೇ ಹೆರಿಗೆಯಾಯಿತು. ಬೆಳಗಾವಿಯ ದವಾಖಾನೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹೊರಗೆ ನಿಂತು ನೋಡಿದೆ. ತಲೆ ಒಂದು ಮೋಸಂಬಿಯಷ್ಟು; ನೆತ್ತಿ ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು. ಮನೆಗೆ ಕಳಿಸುವಾಗ ಡಾಕ್ಟರರು ಹೇಳಿದ್ದು, ತಲೆ ಬೆಚ್ಚಗಿಡಿ ಅಂತ. ಅಂದಿನಿಂದ ಟೋಪಿ ನನ್ನ ಪಾಲಿಗೆ ಬಂತು, ಅದರ ಜೊತೆ ಹೆದರಿಕೆಯೂ ಬಂತು. ಮೂರು ಸಲ ಹೆಣೆದು ಮೂರು ಸಲ ಬಿಚ್ಚಿದೆ. ಒಮ್ಮೆ ಬಿಗಿ ಅನ್ನಿಸಿತು, ಒಮ್ಮೆ ಉಲ್ಲನ್ನು ಒರಟು ಅನ್ನಿಸಿತು.

ಟೋಪಿಯನ್ನು ನೆತ್ತಿಯಿಂದ ಶುರುಮಾಡಿ ಸುತ್ತುತ್ತ ಕೆಳಗಿಳಿಯುವುದು. ಸುತ್ತು ಎಲ್ಲಿ ಶುರುವಾಯಿತು ಎನ್ನುವುದು ತಪ್ಪಬಾರದೆಂದು ಆ ಜಾಗಕ್ಕೊಂದು ಸಣ್ಣ ಸೀರೆ ಪಿನ್ನು ಹಾಕಿ, ಸುತ್ತಿನ ಜೊತೆ ಅಂಚಿನತನಕ ಇಳಿಸುತ್ತ ಹೋಗುತ್ತೇವೆ. ನನ್ನವು ಐದು ಪಿನ್ನು. ಕೆಲಸ ಮುಗಿದ ಮೇಲೆ ಐದನ್ನೂ ಒಂದು ಕಂಬಳಿ ತುಣುಕಿಗೆ ಸಿಗಿಸಿ, ಎಣಿಸಿಯೇ ಡಬ್ಬಿ ಮುಚ್ಚಬೇಕು ಎಂದು ಅಕ್ಕ ಮೊದಲ ದಿನವೇ ತಾಕೀತು ಮಾಡಿದ್ದಳು.

ಖಾನಾಪುರದ ಮನೆಯಲ್ಲಿ ಹೆಸರಿಡುವ ಹಿಂದಿನ ಸಂಜೆ ತಂಗಿಯ ಗಂಡ ತೊಟ್ಟಿಲಿಗೆ ಹೂವು ಒಯ್ಯಲು ಬೆಳಗಾವಿಗೆ ಬಂದಿದ್ದ. ಬಸ್ಸು ತಪ್ಪುತ್ತದೆಂದು ಹೊಸ್ತಿಲಲ್ಲೇ ನಿಂತು ಅವಸರ ಮಾಡಿದ. ನಾನು ಟೋಪಿಯ ಅಂಚನ್ನು ಒಳಕ್ಕೆ ಮಡಚಿ ಹೊಲಿದು, ದಾರ ಕತ್ತರಿಸಿ ಕೊಟ್ಟುಕಳಿಸಿದೆ. ಡಬ್ಬಿ ಹಾಗೇ ಮುಚ್ಚಿದೆ.

ಮರುದಿನ ಬೆಳಗ್ಗೆ ಸೀರೆಯ ಸೆರಗಿಗೆ ಪಿನ್ನು ಬೇಕಾಗಿ ಡಬ್ಬಿ ತೆರೆದರೆ ನಾಲ್ಕೇ ಇದ್ದವು.

ಚಾಪೆ ಕೊಡವಿದೆ. ಉಲ್ಲನ್ನಿನ ಚೀಲ ಸುರುವಿದೆ. ಹುಡುಕುವ ಕೈಗೆ ಮೊದಲೇ ಗೊತ್ತಿತ್ತು. ಐದನೆಯದು ಟೋಪಿಯ ಅಂಚಿನ ಆ ಮಡಿಕೆಯ ಒಳಗೇ ಇದೆ. ಅದರ ಬಾಯಿ ಮುಚ್ಚಿತ್ತೋ ಇಲ್ಲವೋ ನೆನಪಿಲ್ಲ. ಆ ನೆತ್ತಿ ಕಣ್ಣ ಮುಂದೆ ಬಂತು.

ತಂಗಿಗೆ ಫೋನು ಹಚ್ಚಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದವರು ಬೀಗತಿ. ಪೀರನವಾಡಿಯವರೆಲ್ಲ ಆಗಲೇ ಬಂದಿದ್ದರು. ಟೋಪಿಯಲ್ಲಿ ಪಿನ್ನು ಉಳಿದಿದೆ, ಕೂಸಿಗೆ ತೊಡಿಸಬೇಡಿ ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಹೇಳಲಿಲ್ಲ. ಕೈಕೆಲಸಕ್ಕೆ ಭರೋಸಾ ಇಲ್ಲ, ಅಂಗಡಿಯದೇ ತನ್ನಿ ಎಂದು ದವಾಖಾನೆಯಲ್ಲೇ ಅಂದಿದ್ದವರು ಅವರು. ಪಿನ್ನಿನ ಸುದ್ದಿ ಕಿವಿಗೆ ಬಿದ್ದರೆ ಹುಡುಗಿಯನ್ನೂ ಕೂಸನ್ನೂ ಅಂದೇ ಎಬ್ಬಿಸಿಕೊಂಡು ಹೋಗುತ್ತಾರೆ, ಮತ್ತೆ ಖಾನಾಪುರದ ಹೊಸ್ತಿಲು ತುಳಿಯಗೊಡುವುದಿಲ್ಲ. "ಹುಷಾರ ಬಂದು ಮುಟ್ಟಿದ್ರಿ ಏನ್ರಿ?" ಎಂದು ಕೇಳಿದೆ. ಮುಟ್ಟಿದೆವು ಎಂದರು. ಫೋನು ಇಟ್ಟೆ. ನನ್ನ ಜೀವಮಾನದಲ್ಲಿ ಅಂಥ ಪುಕ್ಕಲು ಮಾತು ಇನ್ನೊಂದು ಆಡಿಲ್ಲ.

ಆಟೋ ಹಿಡಿದು, ಸಿಕ್ಕ ಬಸ್ಸು ಹತ್ತಿದೆ. ಪೀರನವಾಡಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರು ಹಿಂದೆ ಎರಡು ಟ್ರೇಲರು ಕಟ್ಟಿಕೊಂಡು ಮುಂದೆ ಸಿಕ್ಕಿತು. ದಾರಿಯ ನಡುವೆಯೇ ತೊನೆಯುತ್ತ ಹೊರಟಿತ್ತು. ಕಿಟಕಿಯಿಂದ ಬರುವ ಗಾಳಿಗೆ ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರು, ನನ್ನ ಬೆನ್ನು ಮಾತ್ರ ಬೆವರಿನಿಂದ ತೊಯ್ದಿತ್ತು. ಇಷ್ಟೊತ್ತಿಗೆ ಎಣ್ಣೆ ಹಚ್ಚುತ್ತಿರಬಹುದು, ಇಷ್ಟೊತ್ತಿಗೆ ಎರೆಯುತ್ತಿರಬಹುದು, ಎರೆದ ಮೇಲೆ ಮೊದಲು ತೊಡಿಸುವುದೇ ಟೋಪಿ ಎಂದು ಒಂದೊಂದೇ ಲೆಕ್ಕ ಹಾಕಿದೆ. ಕೂಸು ಅತ್ತರೆ ಹಸಿವೆ ಎಂದುಕೊಳ್ಳುತ್ತಾರೆ. ಟೋಪಿಯನ್ನು ಇನ್ನಷ್ಟು ಜಗ್ಗಿ ಕೂಡಿಸುತ್ತಾರೆ. ಹಿಂದೆಯೇ ಕೂತಿದ್ದ ಒಬ್ಬಾಕೆ, ಆರಾಮಿಲ್ಲೇನ್ರಿ ಅಂತ ಕೇಳಿ ನೀರಿನ ಬಾಟಲಿ ಕೊಟ್ಟಳು. ಕುಡಿಯದೆ ಹಾಗೇ ಮಡಿಲಲ್ಲಿ ಹಿಡಿದು ಕೂತೆ.

ಮಲಪ್ರಭೆಯ ಸೇತುವೆ ದಾಟಿ ಇಳಿದವಳು ಮನೆಯತನಕ ನಡೆದೆನೋ ಓಡಿದೆನೋ. ಪಡಸಾಲೆಯ ತುಂಬ ಹೆಂಗಸರು. ಒಂದು ಜೋಗುಳ ಕನ್ನಡದ್ದು, ಮುಂದಿನದು ಮರಾಠಿಯದು. ತಂಗಿಯ ಮಗಳ ಮಡಿಲಲ್ಲಿ ಕೂಸು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿತ್ತು. ಬರಿದಲೆ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಟೋಪಿ ಗುಂಡಪ್ಪನ ತಲೆಯ ಮೇಲಿತ್ತು. ನಮ್ಮ ಕಡೆ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹೋಗುವುದು ಗುಂಡಪ್ಪ, ಅಂದರೆ ಖಾರ ಅರೆಯುವ ಗುಂಡುಕಲ್ಲು. ಅದನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಕೂಸಿಗೆ ತಂದ ಹೊಸ ಬಟ್ಟೆ ತೊಡಿಸಿ, ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಟ್ಟು ಮೇಲಿನಿಂದ ಒಬ್ಬರು ತೆಗೆದುಕೊಳ್ಳುತ್ತಾರೆ. ಆಮೇಲೆ ಅದೇ ಬಟ್ಟೆ ಕೂಸಿಗೆ. ಕಲ್ಲಿಗೆ ತೊಡಿಸುವ ಕೆಲಸ ಆ ಮನೆಯಲ್ಲಿ ಮುತ್ತಜ್ಜಿಯದು, ನನ್ನ ತಂಗಿಯ ಅತ್ತೆಯದು. ತೊಡಿಸಿ ಮುಗಿಸಿ ಗೋಡೆಗೆ ಒರಗಿ ಕೂತಿದ್ದರು.

ನನ್ನನ್ನೂ ಜಗ್ಗಿ ಸಾಲಿಗೆ ನಿಲ್ಲಿಸಿದರು. "ಗೋವಿಂದನ್ನ ತಗೊಳ್ರಿ, ಗೋಪಾಲನ್ನ ಕೊಡ್ರಿ" ಎನ್ನುತ್ತ ಗುಂಡಪ್ಪ ನನ್ನ ಕೈಗೆ ಬಂದ. ಕೊರೆಯುವ ತಣ್ಣನೆಯ ಕಲ್ಲು. ಮಡಿಕೆಯ ಸುತ್ತ ಬೆರಳಾಡಿಸಿದೆ. ಏನೂ ತಾಕಲಿಲ್ಲ, ಆದರೆ ಪೂರ್ತಿ ಸುತ್ತು ಮುಟ್ಟುವ ಮೊದಲೇ ಮುಂದಿನವರು ಕಸಿದುಕೊಂಡರು. ಮೂರು ಸುತ್ತು ಮುಗಿಯಿತು. ಬೀಗತಿ ಗುಂಡಪ್ಪನ ತಲೆಯಿಂದ ಟೋಪಿ ತೆಗೆದು, ಎರಡೂ ಕೈಯಿಂದ ಅಗಲಿಸಿ, ಕೂಸಿನ ಕಡೆ ಬಾಗಿದರು.

"ಬ್ಯಾಡ್ರಿ," ಅಂದೆ. "ಅದರಾಗ ಪಿನ್ನು ಐತಿ."

ಹಾಡು ನಿಂತಿತು. ತಂಗಿಯ ಮುಖದ ಬಣ್ಣ ಇಳಿದದ್ದು ಕಂಡೆ. ನಿನ್ನೆ ಅವಸರದಲ್ಲಿ ಮರೆತದ್ದು, ಮುಂಜಾನೆ ಗೊತ್ತಾದದ್ದು, ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಹೋದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಬೀಗತಿ ಮಡಿಕೆಯ ಹೊಲಿಗೆ ಹರಿದು, ಅಂಚನ್ನು ಪೂರಾ ಹೊರಳಿಸಿ, ಬೆರಳಿನಿಂದ ತೀಡಿ ನೋಡಿದರು. ಪಿನ್ನು ಇರಲಿಲ್ಲ.

"ಟೋಪಿಯೊಳಗ ಏನೂ ಇಲ್ಲ ನೋಡ್ರಿ, ದೊಡ್ಡವ್ವಾರ ತಲಿಯೊಳಗ ಐತೇನೋ," ಎಂದು ನನ್ನ ಕಡೆ ಕೈ ಮಾಡಿದರು. ಯಾರೋ ಕಿಸಕ್ಕೆಂದು ನಕ್ಕರು. ನನಗೆ ನಗು ಎಲ್ಲಿಂದ ಬರಬೇಕು? ಟೋಪಿಯಲ್ಲಿ ಇಲ್ಲವೆಂದರೆ ಉದುರಿದೆ. ತೊಟ್ಟಿಲ ಹಾಸಿಗೆಯಲ್ಲಿ ಬಿತ್ತೋ, ಆ ಹಳೇ ಸೀರೆಯಲ್ಲಿ ಸಿಕ್ಕಿತೋ. ತೊಟ್ಟಿಲಿನೊಳಗೆ ಕೈ ಹಾಕಿ ದುಪ್ಪಟಿ ಎತ್ತತೊಡಗಿದೆ.

"ಸಾಕ ಬಿಡ, ನಾ ತಗದೀನಿ," ಎಂದರು ಗೋಡೆಗೆ ಒರಗಿದ್ದ ಮುತ್ತಜ್ಜಿ. ಎಲ್ಲರೂ ಆ ಕಡೆ ತಿರುಗಿದೆವು. ಅವರು ಹೆಬ್ಬೆರಳು ತೋರಿಸಿದರು. ತುದಿಯಲ್ಲಿ ಕೆಂಪು ಚುಕ್ಕೆ. ಪಿನ್ನನ್ನು ತಮ್ಮ ಸೆರಗಿಗೇ ಸಿಗಿಸಿಕೊಂಡಿದ್ದರು. "ಕಲ್ಲಿಗಿ ತೊಡಸುವಾಗ ಚುಚ್ಚಿತು. ಮೊದಲ ಕಲ್ಲಿಗ್ಯಾಕ ತೊಡಸ್ತಾರ ಮತ್ತ? ಚುಚ್ಚೂದಿದ್ದರ ಅದಕ್ಕ ಚುಚ್ಚಲಿ ಅಂತನ."

ನಾನು ಬಾಯಿ ಬಿಡದಿದ್ದರೆ ಅವರೂ ಬಿಡುತ್ತಿರಲಿಲ್ಲ ಎಂದು ಆಗ ತಿಳಿಯಿತು. ಬೀಗರ ಮುಂದೆ ಸೊಸೆಯ ತವರಿನ ಮರ್ಯಾದೆ ಉಳಿಸಲು ಗಪ್ಪಗಿದ್ದರು. ಆ ಮರ್ಯಾದೆಯನ್ನು ನಾನೇ ಪಡಸಾಲೆಯ ನಡುವೆ ಇಟ್ಟಂತಾಯಿತು.

ಬೀಗತಿ ಅವರತ್ತ ನೋಡಿದರು, ನನ್ನತ್ತ ನೋಡಿದರು. ತಮ್ಮ ಚೀಲದಿಂದ ಅಂಗಡಿಯ ಟೋಪಿ ತೆಗೆದು ಕೂಸಿಗೆ ತೊಡಿಸಿದರು. ನನ್ನದನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಅದು ಯಾತಕ್ಕೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಸಾಕ್ಷಿಗೆ ಇಟ್ಟುಕೊಂಡರು ಎಂದೇ ನಾನು ತಿಳಿದೆ. ಹೊರಡುವಾಗ ಮುತ್ತಜ್ಜಿ ತಮ್ಮ ಸೆರಗಿನ ಪಿನ್ನು ಬಿಚ್ಚಿ, ನನ್ನ ಸೆರಗಿಗೆ ಸಿಗಿಸಿ, ಅದರ ಬಾಯಿ ಮುಚ್ಚಿದರು.

ಮನೆಗೆ ಬಂದು ಐದನ್ನೂ ಕಂಬಳಿ ತುಣುಕಿಗೆ ಹಾಕಿ ಡಬ್ಬಿಯನ್ನು ಅಟ್ಟದ ಮೇಲೆ ಒಗೆದೆ. ಮಾಳಿಗೆಗೆ ಹೋಗುವುದು ಬಿಟ್ಟೆ. ಅಕ್ಕ ಬಾಗಿಲಿಂದಲೇ ಕೂಗಿ ಕರೆದಳು, ಮೊಣಕಾಲು ನೋವು ಎಂದು ಸುಳ್ಳು ಹೇಳಿದೆ. ಅಷ್ಟರಲ್ಲಿ ಹುಡುಗಿಯನ್ನೂ ಕೂಸನ್ನೂ ಪೀರನವಾಡಿಗೆ ಕರೆದುಕೊಂಡು ಹೋದರು ಎಂಬ ಸುದ್ದಿ ಬಂತು. ಬಾಣಂತನ ಇನ್ನೂ ಮುಗಿದಿರಲಿಲ್ಲ.

ಸಂಕ್ರಾಂತಿ ಆಗಿ ಒಂದು ವಾರಕ್ಕೆ ಮನೆಯ ಮುಂದೆ ಆಟೋ ನಿಂತಿತು. ಇಳಿದವರು ಬೀಗತಿ, ಒಬ್ಬರೇ. ಬರ್ರಿ, ಕುಂದರ್ರಿ ಎಂದು ಚಾಪೆ ಹಾಸಿದೆ. ಅವರು ಚೀಲದಿಂದ ನನ್ನ ಟೋಪಿ ತೆಗೆದು ಚಾಪೆಯ ಮೇಲಿಟ್ಟರು. ಹರಿದ ಮಡಿಕೆಯನ್ನು ಬೇರೆ ಬಣ್ಣದ ದಾರದಲ್ಲಿ ಯಾರೋ ಹೊಲಿದಿದ್ದರು. ಒಳಗೆಲ್ಲ ಕೂಸಿನ ತಲೆಯ ಎಣ್ಣೆಯ ಕಲೆ.

"ಸಣ್ಣದಾತ್ರಿ. ಎರಡು ಬಟ್ಟು ದೊಡ್ಡದು ಮಾಡಿ ಕೊಡ್ರಿ," ಎಂದರು. "ಪಿನ್ನಿನ ಡಬ್ಬಿ ಎಲ್ಲೈತಿ?"

ಅಟ್ಟದಿಂದ ಇಳಿಸಿ ಕೊಟ್ಟೆ. ಐದನ್ನೂ ಎಣಿಸಿ, ಒಂದನ್ನು ನನ್ನ ಕೈಗಿತ್ತು, ಉಳಿದ ನಾಲ್ಕಿದ್ದ ಕಂಬಳಿ ತುಣುಕನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮಧ್ಯಾಹ್ನದ ಊಟವನ್ನೂ ಅಲ್ಲೇ ಮಾಡಿದರು. ಸಂಜೆ ನಾನು ದಾರ ಕತ್ತರಿಸಿ ಪಿನ್ನು ಕೊಟ್ಟಾಗ, ಅದನ್ನು ನಾಲ್ಕರ ಬಾಜೂಕ ಸಿಗಿಸಿ, ಮತ್ತೊಮ್ಮೆ ಎಣಿಸಿ, ಡಬ್ಬಿ ಮುಚ್ಚಿದರು. ಆಮೇಲೆ ಆರಿಹೋಗಿದ್ದ ಚಹಾ ಕುಡಿದು ಪೀರನವಾಡಿಯ ಬಸ್ಸಿಗೆ ಹೊರಟರು.