ದಾಕ್ಷಾಯಣಮ್ಮನ ಸಿಹಿನೀರು ಬಾವಿ

ಸುಣ್ಣದಕೇರಿಗೆ ಹೊಸದಾಗಿ ಬಂದವರು ದಾಕ್ಷಾಯಣಮ್ಮನ ಮನೆ ಎಲ್ಲಿ ಅಂತ ಕೇಳಬೇಕಾಗೇ ಇರಲಿಲ್ಲ. ಬೆಳಿಗ್ಗೆ ಬಿಂದಿಗೆ ಹಿಡಿದು ಹೊರಟ ಹೆಂಗಸರ ಹಿಂದೆ ನಡೆದರೆ ಸಾಕು, ಸೀದಾ ಅವಳ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದರು. ಬೀದಿ ಮೂಲೆಗೆ ನಲ್ಲಿ ಬಂದು ಎಷ್ಟೋ ವರ್ಷವಾಗಿತ್ತು, ಕನ್ನಂಬಾಡಿ ಕಟ್ಟೆಯ ನೀರು ಹೊತ್ತು ಹೊತ್ತಿಗೆ ಬರುತ್ತಿತ್ತು. ಆದರೂ ಕುಡಿಯೋದಕ್ಕೆ, ಬೇಳೆ ಬೇಯಿಸೋದಕ್ಕೆ ಈ ಬಾವಿಯದೇ ಆಗಬೇಕು. ಸುತ್ತಮುತ್ತಲ ಬಾವಿಗಳೆಲ್ಲ ಉಪ್ಪು, ಇದೊಂದೇ ಸಿಹಿ.

ಹೆಬ್ಬಾಳದ ಒಕ್ಕಲು ಮನೆಯ ಹುಡುಗಿ ಆಕೆ. ಚಿಕ್ಕಂದಿನಲ್ಲಿ ಕೆರೆಯಿಂದ ನೀರು ಹೊತ್ತು ಹೊತ್ತು ನೆತ್ತಿ ಕೂದಲು ಸವೆದಿತ್ತು. ಮದುವೆಯಾಗಿ ಬಂದ ದಿನ ಅಡುಗೆಮನೆ ಹಿಂದೆಯೇ ಬಾವಿ ಕಂಡು ಗಂಡನ ಮುಖ ನೋಡೋದನ್ನೂ ಮರೆತಳಂತೆ. ಗಂಡ ವೃಷಭೇಂದ್ರಪ್ಪ ಅರಮನೆ ಕಚೇರಿಯ ಜವಾನ, ಮಾತು ಕಡಿಮೆ. ಅವನು ಆಡದ ಮಾತನ್ನೆಲ್ಲ ಈಕೆ ಬಾವಿಕಟ್ಟೆಯ ಮೇಲೆ ಆಡಿ ಮುಗಿಸುತ್ತಿದ್ದಳು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನೀರು ಬತ್ತಿಸಿ ಹೂಳು ತೆಗೆಸೋಳು, ನೀರಿನ ರುಚಿ ಕೆಡಬಾರದು ಅಂತ ನೆಲ್ಲಿಮರದ ಕೊರಡು ಇಳಿಬಿಡೋಳು. ಚಪ್ಪಲಿ ಮೆಟ್ಟಿಕೊಂಡು ಕಟ್ಟೆ ಹತ್ತಿದವರಿಗೆ ಮಂಗಳಾರತಿ ಗ್ಯಾರಂಟಿ. 'ಬೆಟ್ಟದ ತಾಯಿ ಪಾದ ತೊಳ್ಕೊಂಡು ಬರೋ ನೀರು ಕಣ್ರಮ್ಮ' ಅಂತ ಹೇಳೋವಾಗ ನೀರನ್ನು ತಾನೇ ಹೆತ್ತ ಹಾಗೆ ಆಡುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಬಾವಿಯಂತೂ ಹೆಗ್ಗಣವಲ್ಲ, ಇಡೀ ಬೀದಿಯೇ ಹೊಗಳೋ ವಸ್ತು. ಹೆಮ್ಮೆಪಟ್ಟರೆ ತಪ್ಪೇನು ಹೇಳಿ.

ಐವತ್ತೆಂಟನೇ ಇಸವಿಯ ಶ್ರಾವಣ. ಮಗಳು ಸರ್ವಮಂಗಳಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣುಕೂಸಿಗೆ ಮೂರು ತಿಂಗಳು ತುಂಬುತ್ತಿತ್ತು. ಶುಕ್ರವಾರ ಗಂಗೆಪೂಜೆ ಮಾಡಿಸಿ, ಬಾಣಂತಿ ಕೈಯಲ್ಲಿ ಮೊದಲ ಕೊಡ ಸೇದಿಸಿ, ಮುಂದಿನ ವಾರ ಗಂಡನ ಮನೆ ಬೋಗಾದಿಗೆ ಕಳಿಸೋದು ಅಂತ ನಿಶ್ಚಯವಾಗಿತ್ತು. ಹೀಗಿರುವಾಗ ಸೋಮವಾರ ಬೆಳಿಗ್ಗೆ ಕಾಲೇಜಿನ ಭೂವಿಜ್ಞಾನದ ಮೇಷ್ಟ್ರು ರಾಮಸ್ವಾಮಿ ಬಂದರು.

ಕೆಟ್ಟ ಮನುಷ್ಯರಲ್ಲ. ಊರಿನ ನೆಲದಡಿ ನೀರು ಯಾವ ದಾರಿಯಲ್ಲಿ ಓಡಾಡುತ್ತದೆ ಅಂತ ತಿಳಿಯೋ ಕೆಲಸ ಅವರದು. ಮುಂಚೆಯೂ ಒಂದೆರಡು ಸಲ ಬಂದು ದಾರಕ್ಕೆ ಗುಂಡು ಕಟ್ಟಿ ಬಾವಿಗೆ ಬಿಟ್ಟು ನೀರಿನ ಮಟ್ಟ ಅಳೆದಿದ್ದರು, ಆಕೆ ಕೊಟ್ಟ ಮಜ್ಜಿಗೆ ಕುಡಿದಿದ್ದರು. ಈ ಸಲ ಖಾಲಿ ಗಾಜಿನ ಬಾಟಲಿಗಳನ್ನು ತಂದು ಕಟ್ಟೆಯ ಮೇಲೆ ಇಟ್ಟರು.

"ತಾಯಿ, ಮೇಲಿನ ಬೀದಿ ವಠಾರದ ಕಕ್ಕಸಿನ ಗುಂಡಿಗೆ ಒಂದು ಬಣ್ಣ ಸುರಿದು ಬಂದಿದೀನಿ. ನಿರಪಾಯದ ಬಣ್ಣ, ಹೆದರಬೇಡಿ. ದಿನಾ ಬೆಳಿಗ್ಗೆ ನಿಮ್ಮ ಬಾವಿ ನೀರನ್ನ ಒಂದೊಂದು ಬಾಟಲಿಗೆ ತುಂಬಿಟ್ಟಿರಿ. ಶನಿವಾರ ಬಂದು ತಗೊಂಡು ಹೋಗ್ತೀನಿ. ನೀರು ಹಸಿರಾಗಿ ಕಂಡ್ರೆ ಆ ಗುಂಡಿಗೂ ಈ ಬಾವಿಗೂ ದಾರಿ ಇದೆ ಅಂತ ಅರ್ಥ."

"ಬಂಡೆ ಒಳಗಿಂದ ದಾರಿ ಹೆಂಗೆ ಇರ್ತದೆ ಮೇಷ್ಟ್ರೇ?"

"ಮಣ್ಣಾದರೆ ನೀರನ್ನ ಸೋಸುತ್ತೆ. ಇಲ್ಲಿ ಮಣ್ಣು ತೆಳು, ಬಂಡೆ ಹತ್ತಿರ. ಬಂಡೆಯಲ್ಲಿ ಬಿರುಕಿದ್ರೆ ಮೇಲಿಂದು ಹಾಗೇ ಇಳಿದು ಬರುತ್ತೆ. ಆ ಗುಂಡಿ ತೋಡಿ ಎರಡು ವರ್ಷ ಆಯ್ತಂತೆ. ಹೋದ ವರ್ಷ ಮಳೆ ಶುರುವಾದಾಗ ಈ ಬೀದಿಲೇ ಮಕ್ಕಳಿಗೆ ವಾಂತಿಭೇದಿ ಜಾಸ್ತಿ ಆಗಿತ್ತಲ್ಲ, ಅದಕ್ಕೇ ಇಲ್ಲಿಂದ ಶುರು ಮಾಡಿದೆ. ಗೊತ್ತಾಗೋವರೆಗೆ ನೀರು ಕಾಯಿಸಿ ಕುಡೀರಿ, ಬೀದಿಯವರಿಗೂ ಹೇಳಿ."

ಮಜ್ಜಿಗೆ ಕೊಡೋದನ್ನು ದಾಕ್ಷಾಯಣಮ್ಮ ಆ ದಿನ ಮರೆತಳು.

ಅವಳ ಎದೆಗೆ ಏನು ತಾಕಿತು ಅಂತ ಮೇಷ್ಟ್ರಿಗೆ ಹೇಗೆ ತಿಳಿಯಬೇಕು? ಹೋದ ವರ್ಷ ಮೊದಲ ಮಳೆ ಬಿದ್ದ ವಾರ ಸರ್ವಮಂಗಳಾ ತನ್ನ ಚೊಚ್ಚಲ ಮಗ ಬಸವರಾಜುವನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಎರಡು ತುಂಬಿರಲಿಲ್ಲ ಮಗುವಿಗೆ. ಮಾರ್ಕೆಟ್ಟಿಗೆ ಹೋದಾಗ ಹಠ ಮಾಡಿತು ಅಂತ, ಗಾಡಿಯವನು ಹೆಚ್ಚಿಟ್ಟಿದ್ದ ಕಲ್ಲಂಗಡಿ ಹಣ್ಣಿನ ಒಂದು ಹೋಳು ಕೊಡಿಸಿದಳು. ಮಾರನೆಯ ದಿನ ವಾಂತಿ, ಭೇದಿ. ಬಾಯಾರಿದೆ ಅಂತ ಅತ್ತಾಗಲೆಲ್ಲ ಅಜ್ಜಿಯೇ ಬಾವಿಯಿಂದ ತಾಜಾ ನೀರು ಸೇದಿ ಒಳಲೆಯಲ್ಲಿ ಕುಡಿಸಿದಳು. ಕಾಯಿಸೋಣವಾ ಅವ್ವ ಅಂತ ಮಗಳು ಕೇಳಿದ್ದಕ್ಕೆ, ಕಾಯಿಸಿದ್ರೆ ಸತ್ವ ಹೋಯ್ತದೆ ಸುಮ್ನಿರು ಅಂದಿದ್ದಳು. ಮಗು ಉಳಿಯಲಿಲ್ಲ. ಸಂಕಟ ತಡೆಯಲಾರದೆ ನಾಲ್ಕು ಜನರ ಮುಂದೆ ದಾಕ್ಷಾಯಣಮ್ಮನ ಬಾಯಿಂದಲೇ ಬಂದಿತ್ತು: "ಬೀದಿ ಹಣ್ಣು ತಿನ್ಸಿ ಮಗೂನ ಕಳ್ಕೊಂಡ್ಬುಟ್ಯಲ್ಲೇ." ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಮಾತು ಬೋಗಾದಿಗೂ ತಲುಪಿತು. ಅತ್ತೆ ಶಿವನಂಜಮ್ಮ ಅದನ್ನು ವರ್ಷವಿಡೀ ಸೊಸೆಯ ತಟ್ಟೆಗೆ ಅನ್ನದ ಜೊತೆ ಬಡಿಸಿದಳು. ಸರ್ವಮಂಗಳಾ ಎದುರು ಮಾತಾಡಲಿಲ್ಲ, ಯಾಕೆಂದರೆ ಅವಳೂ ಅದನ್ನೇ ನಂಬಿದ್ದಳು. ಹೊಸ ಕೂಸು ಹುಟ್ಟಿದ ಮೇಲೂ ಅವಳ ಮುಖ ಅರಳಿರಲಿಲ್ಲ.

ಈಗ ಬಣ್ಣ ಬಂದುಬಿಟ್ಟರೆ? ದಾಕ್ಷಾಯಣಮ್ಮನಿಗೆ ಅನ್ನ ಸೇರಲಿಲ್ಲ.

ಮಂಗಳವಾರ ಎದ್ದವಳೇ ಬಾಟಲಿ ತುಂಬಿ ಬೆಳಕಿಗೆ ಹಿಡಿದಳು. ತಿಳಿ ನೀರು, ಸ್ಫಟಿಕದ ಹಾಗಿತ್ತು. ಆ ಸಂತೋಷಕ್ಕೆ ಶಾವಿಗೆ ಪಾಯಸ ಮಾಡಿದಳು, ಇವತ್ತೇನು ವಿಶೇಷ ಅಂತ ಗಂಡ ಕೇಳಿದ್ದಕ್ಕೆ ಶ್ರಾವಣ ಕಣ್ರೀ ಅಂದಳು. ಮೇಷ್ಟ್ರಿಗೆ ಮನಸ್ಸಿನಲ್ಲೇ ನಾಲ್ಕು ಬೈದದ್ದೂ ಆಯಿತು.

ಬುಧವಾರ ನೀರಿನಲ್ಲಿ ಏನೋ ಇತ್ತು. ಇತ್ತೋ ಇಲ್ಲವೋ. ಗಾಜೇ ಹಾಗಿರಬೇಕು ಅಂದುಕೊಂಡಳು. ಆಮೇಲೆ, ಪಾಚಿ ಇರಬೇಕು. ಆಮೇಲೆ, ವಯಸ್ಸಾಯಿತು, ಕಣ್ಣೇ ಮಂಜಾಗಿರಬೇಕು. ಕೊನೆಗೆ ತಡೆಯಲಾರದೆ ನಲ್ಲಿಗೆ ಹೋಗಿ ಇನ್ನೊಂದು ಬಾಟಲಿ ತುಂಬಿ ತಂದು ಎರಡನ್ನೂ ಬಿಸಿಲಿಗೆ ಇಟ್ಟಳು. ನಲ್ಲಿ ನೀರು ನೀರಿನ ಹಾಗಿತ್ತು. ಬಾವಿ ನೀರು ಎಳೆ ಹಸಿರು. ಎರಡನ್ನೂ ಸೆರಗಿನಲ್ಲಿ ಮುಚ್ಚಿ ತಂದು ದೇವರ ಗೂಡಿನ ಹಿಂದೆ ಇಟ್ಟಳು.

ಅವತ್ತಿನಿಂದ ಬಾಣಂತಿಯ ತಂಬಿಗೆಗೆ ಕದ್ದು ನಲ್ಲಿ ನೀರು ತುಂಬತೊಡಗಿದಳು. ನೋಡಿ ಮನುಷ್ಯರ ಬುದ್ಧಿ. ಬಿಂದಿಗೆಯೊಳಗೆ ಆ ಎಳೆ ಬಣ್ಣ ಕಾಣದೆ ಬೀದಿಯವರು ಎಂದಿನಂತೆ ಬಂದು ಸೇದಿಕೊಂಡು ಹೋಗುತ್ತಿದ್ದರು, ಈಕೆ ಒಳಗೆ ನಿಂತು ರಾಟೆಯ ಕಿರ್ರೆನ್ನುವ ಸದ್ದು ಕೇಳುತ್ತಿದ್ದಳು. ನಾಲ್ಕು ಸಲ ಬಾಗಿಲ ತನಕ ಹೋದಳು, ನಾಲ್ಕು ಸಲವೂ ಹಿಂದಕ್ಕೆ ಬಂದಳು. ಬಿಸಿತುಪ್ಪ ಗಂಟಲಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬಾವಿ ಹೋದರೆ ಹೋಗಲಿ, ಮುಚ್ಚಿಸಿದರೆ ಮುಚ್ಚಿಸಲಿ. ಆದರೆ ಆ ಒಳಲೆ ಹಿಡಿದದ್ದು ತನ್ನ ಕೈ. ಅದನ್ನು ಮಗಳಿಗೆ ಯಾವ ಬಾಯಲ್ಲಿ ಹೇಳೋದು?

ಗುರುವಾರ ದಾರಿಯಲ್ಲಿ ಮೇಷ್ಟ್ರು ಸೈಕಲ್ಲಿನ ಮೇಲೆ ಸಿಕ್ಕರು. ಅವರು ಏನೂ ಕೇಳುವ ಮೊದಲೇ ಈಕೆ ಕೇಳಿದಳು, "ಬಣ್ಣ ಬಂದ್ರೆ ಮಕ್ಳು ಆ ನೀರಿಂದಲೇ ಹೋದ್ವು ಅಂತಾನಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಷ್ಟ್ರು ಸೈಕಲ್ಲಿನಿಂದ ಇಳಿದು ಅವಳ ಮುಖ ನೋಡಿದರು. "ಹಾಗೆ ಖಂಡಿತ ಹೇಳೋಕಾಗಲ್ಲ ತಾಯಿ. ದಾರಿ ಇದೆ ಅಂತ ಮಾತ್ರ ಹೇಳಬಹುದು. ಆವತ್ತು ಆ ದಾರಿಲಿ ಏನು ಬಂತು ಅಂತ ಯಾರಿಗೆ ಗೊತ್ತು?"

ಆ ಮಾತನ್ನು ಆಕೆ ಗಟ್ಟಿಯಾಗಿ ಹಿಡಿದುಕೊಂಡಳು. ಯಾರಿಗೂ ಗೊತ್ತಿಲ್ಲ ಅಂದಮೇಲೆ ತಾನ್ಯಾಕೆ ಹೇಳಬೇಕು? ಶುಕ್ರವಾರ ಪೂಜೆ ಮುಗಿಯಲಿ, ಶನಿವಾರ ಮೇಷ್ಟ್ರು ಬರಲಿ, ಮಗಳು ಬೋಗಾದಿಗೆ ಹೋಗಲಿ. ಆಮೇಲೆ ಬೀದಿಯವರಿಗೆಲ್ಲ ಹೇಳಿದರಾಯಿತು.

ಶುಕ್ರವಾರ ಬಂದೇ ಬಂತು. ಹಿತ್ತಿಲು ಸಾರಿಸಿ ರಂಗೋಲಿ ಬಿಟ್ಟು, ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿದ್ದರು. ಮುತ್ತೈದೆಯರು ಬಂದರು. ಎಲ್ಲರಿಗೂ ಮುಂದೆ ಪಕ್ಕದ ಮನೆಯ ಪುಟ್ಟತಾಯಮ್ಮ, ಅವಳಿಲ್ಲದೆ ಆ ಬೀದಿಯಲ್ಲಿ ಯಾವ ಪೂಜೆಯೂ ಆಗುತ್ತಿರಲಿಲ್ಲ, ಯಾವ ಜಗಳವೂ ಆಗುತ್ತಿರಲಿಲ್ಲ. ಸರ್ವಮಂಗಳಾ ಹಸಿರು ಬಳೆ ತೊಟ್ಟು, ಹಸಿರು ಸೀರೆ ಉಟ್ಟು ಪೂಜೆ ಮಾಡಿ ಬಿಂದಿಗೆ ಇಳಿಬಿಟ್ಟಳು. ದಾಕ್ಷಾಯಣಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಬಿಂದಿಗೆ ಮೇಲೆ ಬಂತು. ಎಳೆಬಿಸಿಲಿಗೆ ಬಗ್ಗಿಸಿ ಬೆಳ್ಳಿ ಬಟ್ಟಲಿಗೆ ಸುರಿದರೆ, ನೀರು ಗಿಳಿಹಸಿರು.

ಎಲ್ಲರೂ ಬಟ್ಟಲಿನ ಮೇಲೆ ಬಗ್ಗಿದರು. ಆಮೇಲೆ ಪುಟ್ಟತಾಯಮ್ಮ ಎರಡೂ ಕೈ ಜೋಡಿಸಿದಳು. "ಗಂಗವ್ವ ಹಸಿರುಡುಗೆ ಉಟ್ಕೊಂಡು ಬಂದವ್ಳೆ ಕಣಮ್ಮ, ಬಾಣಂತಿ ನೋಡೋಕೆ."

ಹೆಂಗಸರೆಲ್ಲ ಹೌದು ಹೌದು ಅಂದರು. ಬಾಣಂತಿಯ ಬಣ್ಣ ಹಸಿರು, ಗಂಗೆಯ ಬಣ್ಣವೂ ಇವತ್ತು ಹಸಿರು, ಇದಕ್ಕಿಂತ ಇನ್ನೇನು ಬೇಕು? ಒಬ್ಬಳು ಆ ನೀರನ್ನು ಕಣ್ಣಿಗೆ ಒತ್ತಿಕೊಂಡಳು, ಇನ್ನೊಬ್ಬಳು ಮಕ್ಕಳಿಗೆ ತೀರ್ಥ ಅಂತ ತಂಬಿಗೆ ಚಾಚಿದಳು. ದಾಕ್ಷಾಯಣಮ್ಮ ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಅವಳು ಮುಚ್ಚಿಡಲು ಒದ್ದಾಡಿದ್ದನ್ನು ಬೀದಿಯೇ ನಿಂತು ಪೂಜೆ ಮಾಡುತ್ತಿತ್ತು. ಅಬ್ಬಾ, ಉಳಿದೆ, ಅಂತ ಒಳಗೊಳಗೇ ಅನ್ನಿಸಿಬಿಟ್ಟಿತು ಕೂಡ.

ಅಷ್ಟರಲ್ಲಿ ಸರ್ವಮಂಗಳಾ ತಿರುಗಿದಳು. ಅವಳ ಮುಖ ಅರಳಿತ್ತು, ಕಣ್ಣು ತುಂಬಿತ್ತು. "ಅವ್ವ, ನನ್ನ ತಪ್ಪನ್ನ ಗಂಗವ್ವ ಕ್ಷಮಿಸಿದ್ಲು ಕಣವ್ವ. ಬಸವರಾಜುನ ಕೊಂದ ಪಾಪ ಹೋಯ್ತು." ಹಾಗಂದು ಬಟ್ಟಲಿಗೆ ಬೆರಳು ಅದ್ದಿ ಕೂಸಿನ ತುಟಿಯ ಹತ್ತಿರ ತಂದಳು.

ದಾಕ್ಷಾಯಣಮ್ಮ ಆ ಕೈ ಹಿಡಿದುಕೊಂಡಳು.

"ಬ್ಯಾಡ."

"ಯಾಕವ್ವ?"

"ಇದು ಗಂಗವ್ವ ಅಲ್ಲ. ಮೇಲಿನ ಬೀದಿ ಕಕ್ಕಸಿನ ಗುಂಡಿಗೆ ಮೇಷ್ಟ್ರು ಸುರಿದ ಬಣ್ಣ. ಅಲ್ಲಿಂದು ಇಲ್ಲಿಗೆ ಬತ್ತದೆ." ಮಗಳ ಕೈ ಬಿಡದೆ ಮುಂದುವರಿಸಿದಳು. "ಹೋದ ವರ್ಷವೂ ಬಂದಿರ್ತದೆ. ಮಗೀಗೆ ಆ ನೀರು ಕುಡಿಸಿದ್ದು ನಾನು. ನೀನು ಕಾಯಿಸ್ತೀನಿ ಅಂದೆ, ಬುಡಲಿಲ್ಲ ನಾನು."

ತಂಬಿಗೆಗಳು ಕೆಳಗಿಳಿದವು. ಪುಟ್ಟತಾಯಮ್ಮ ಬಾಯಿಗೆ ಹಾಕಿಕೊಂಡಿದ್ದ ತೀರ್ಥವನ್ನು ಉಗುಳಿ, ಇದು ಮೊದಲೇ ಗೊತ್ತಿತ್ತಾ ನಿಂಗೆ ಅಂತ ಕೇಳಿದಳು. ಬುಧವಾರದಿಂದ ಗೊತ್ತು ಅಂದಳು ದಾಕ್ಷಾಯಣಮ್ಮ. ಆ ಹೆಂಗಸರು ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ, ಕುಂಕುಮ ಕೂಡ ತಗೊಳ್ಳದೆ ಒಬ್ಬೊಬ್ಬರಾಗಿ ಹೊರಟುಹೋದರು.

ಸರ್ವಮಂಗಳಾ ಕೂಸನ್ನು ತಾಯಿಯ ಕೈಯಿಂದ ತೆಗೆದುಕೊಂಡಳು. ಅಳಲಿಲ್ಲ. ಸೆರಗಿನ ತುದಿಯಿಂದ ಅದರ ತುಟಿ ಒರೆಸಿದಳು.

"ನನ್ ಮುಂದೆ ಹೇಳಿದ್ದಾಯ್ತು," ಅಂದಳು. "ನಾನು ಹೋಗಿ ಹೇಳಿದ್ರೆ ಬೋಗಾದಿಲಿ ಯಾರೂ ನಂಬಲ್ಲ. ನೀನೇ ಹೋಗು. ಇವತ್ತೇ ಹೋಗು."

ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದು, ಕರೆಯದೆ ಹೋಗಬಾರದು, ಒಬ್ಬಳೇ ಹೋಗಬಾರದು ಅಂತ ಊರಿಗೆಲ್ಲ ಪಾಠ ಹೇಳಿದವಳು ಅವಳು. ಪೂಜೆಯ ಸೀರೆಯಲ್ಲೇ ಜಟಕಾ ಹತ್ತಿದಳು. ದಾರಿಯುದ್ದಕ್ಕೂ ಮೇಷ್ಟ್ರು ಅಂದ ಮಾತು ಕಿವಿಯಲ್ಲಿತ್ತು, ಯಾರಿಗೆ ಗೊತ್ತು, ಯಾರಿಗೆ ಗೊತ್ತು. ಹಾಗೆ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಜಟಕಾ ವಾಪಸು ತಿರುಗಿಸು ಅನ್ನೋ ಮಾತು ಎರಡು ಸಲ ನಾಲಿಗೆ ತುದಿಗೆ ಬಂತು.

ಶಿವನಂಜಮ್ಮ ಜಗಲಿಯಲ್ಲಿ ಅವರೆ ಬೇಳೆ ಕೇರುತ್ತಿದ್ದಳು. ಬೀಗಿತ್ತಿ ಒಬ್ಬಳೇ ಬಂದದ್ದು ನೋಡಿ ಗಾಬರಿಯಾಗಿ ಎದ್ದಳು. "ಏನಾಯ್ತು, ಕೂಸು ಚೆನ್ನಾಗೈತಾ?"

"ಕೂಸು ಚೆನ್ನಾಗೈತೆ."

"ಹಂಗಾದ್ರೆ ಬನ್ನಿ, ಕೂತ್ಕಳಿ." ಒಳಗೆ ಹೋಗಿ ಬೆಲ್ಲದಚ್ಚು, ಒಂದು ಚೊಂಬು ನೀರು ತಂದು ಮುಂದಿಟ್ಟಳು.

ದಾಕ್ಷಾಯಣಮ್ಮ ಕೂರಲಿಲ್ಲ, ಚೊಂಬನ್ನೂ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತೇ, ಬೀದಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಹೇಳಿದಳು: "ಬಸವರಾಜು ಹೋದದ್ದು ನನ್ನ ಕೈ ನೀರಿಂದ ಬೀಗಿತ್ತಿ. ನಿಮ್ಮ ಸೊಸೆಯಿಂದಲ್ಲ."