ಆಮೆನಕ್ಕನ ಕೈಗುಣ

ಆ ಊರಿನ ಸಭೆಯಲ್ಲಿ ಪ್ರಾರ್ಥನೆ ಮುಗಿಯುವ ಮೊದಲೇ ಆಮೆನ್ ಹೇಳಿಬಿಡುವ ಹೆಂಗಸೊಬ್ಬಳಿದ್ದಳು. ಪಾಸ್ಟರು ಒಂದು ಬೇಡಿಕೆ ಮುಗಿಸಿ ಇನ್ನೊಂದಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಅವಳ ಆಮೆನ್ ಬಂದು ಬೀಳುತ್ತಿತ್ತು. ಎಷ್ಟೋ ಸಲ ಪಾಸ್ಟರು ಅಲ್ಲಿಗೇ ಮುಗಿಸಿ ಕುಳಿತುಬಿಡುತ್ತಿದ್ದರು. ಹೊಟ್ಟೆ ಹಸಿದವರು ಒಳಗೊಳಗೇ ಅವಳನ್ನು ಹರಸುತ್ತಿದ್ದರು. ಆಮೆನಕ್ಕ ಎಂಬ ಹೆಸರು ಬಿದ್ದದ್ದು ಹಾಗೆ. ಅವಳಿಗೇನೂ ಬೇಜಾರಿರಲಿಲ್ಲ. "ದೇವರಿಗೆ ಗೊತ್ತಿಲ್ದೇ ಇರೋದು ಏನಿದೆ ಅಂತ ಅಷ್ಟುದ್ದ ಹೇಳ್ಬೇಕು? ಅಲ್ಲಿ ನನ್ನ ಹಸುಗಳು ಕಾಯ್ತಿರ್ತವೆ" ಎನ್ನುತ್ತಿದ್ದಳು.

ಹಸು ಏಳು, ಕರು ಎರಡು. ಎಂಟನೇ ವಯಸ್ಸಿನಲ್ಲಿ ಕೆಚ್ಚಲಿಗೆ ಕೈಹಾಕಿದವಳು ಐವತ್ತೆಂಟಾದರೂ ತೆಗೆದಿರಲಿಲ್ಲ. ಕಂಡವರನ್ನೆಲ್ಲ ಒದೆಯುವ ಹಸು ಅವಳ ಕೈ ಬಿದ್ದೊಡನೆ ಕಲ್ಲಿನಂತೆ ನಿಲ್ಲುತ್ತಿತ್ತು. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದರೆ ಜನ ಡಾಕ್ಟರಿಗೆ ಫೋನು ಮಾಡಿ, ಜೊತೆಗೇ ಅವಳಿಗೂ ಹೇಳಿಕಳಿಸುತ್ತಿದ್ದರು. ಅವಳ ಕೈಗುಣ ಒಳ್ಳೆಯದು ಎಂದು ಸುತ್ತಲಿನ ತೋಟದವರೆಲ್ಲ ನಂಬಿದ್ದರು. ದೇವರು ಕೊಟ್ಟದ್ದು, ನನ್ನದೇನಿದೆ ಎಂದು ಅವಳು ಅನ್ನುತ್ತಿದ್ದಳು ನಿಜ, ಆದರೆ ಒಳಗೆ ಹೆಮ್ಮೆ ಇರಲಿಲ್ಲವೆಂದರೆ ಸುಳ್ಳಾದೀತು.

ಗಂಡ ಮಾತಿನಲ್ಲಿ ಜಿಪುಣ. ಮದುವೆಯ ದಿನ ಪಾಸ್ಟರ ಪ್ರಶ್ನೆಗೆ ಹೌದು ಎಂದವನು ಆಮೇಲೆ ಮುಖ್ಯವಾದದ್ದೇನನ್ನೂ ಹೇಳಿಲ್ಲ ಎಂದು ಅವಳೇ ನಗೆಯಾಡುತ್ತಿದ್ದಳು. ಜೋಳದ ಹೊಲ, ಮೇವಿನ ಪಟ್ಟಿ, ಬಾವಿ ಬದಿಯ ತರಕಾರಿ ಅವನ ಪಾಲು. ಕೊಟ್ಟಿಗೆ, ಅಡುಗೆಮನೆ, ದೇವರು ಅವಳ ಪಾಲು. ಬೆಳಿಗ್ಗೆ ಐದಕ್ಕೆ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಉಪ್ಪಿನ ಡಬ್ಬಿಗೂ ಹಸುವಿನ ಮುಲಾಮಿಗೂ ನಡುವೆ ಬೈಬಲ್ ತೆರೆದು, ಮೊದಲು ಒಂದೊಂದೇ ಹಸುವಿಗಾಗಿ, ಆಮೇಲೆ ಮಗಳಿಗಾಗಿ, ಕೊನೆಗೆ ಗಂಡನಿಗಾಗಿ ಬೇಡಿಕೊಳ್ಳುತ್ತಿದ್ದಳು. ಒಬ್ಬಳೇ ಮಗಳು. ಎರಡು ಮೈಲಿ ಆಚೆಯ ತೋಟಕ್ಕೆ, ಅದೇ ಸಭೆಯ ಮನೆತನಕ್ಕೆ ಕೊಟ್ಟಿದ್ದರು. ಮದುವೆಗೆ ಕೊಟ್ಟ ಕೆಂಪು ಕಡಸು ಈಗ ಆ ಕೊಟ್ಟಿಗೆಯ ರಾಣಿ, ಎರಡನೇ ಸಲ ತುಂಬು ಗಬ್ಬ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಅವಳ ಮುದಿ ಹಸು ಮೇವು ಮುಟ್ಟಲಿಲ್ಲ. ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ತುಟಿ ಬಿಡಿಸಿ ನೋಡಿದರೆ ನಾಲಗೆಯ ಮೇಲೆ ಬೊಬ್ಬೆ. ಪಕ್ಕದ ಹಸು ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಆ ವರ್ಷದ ಲಸಿಕೆ ಇನ್ನೂ ಬಂದಿರಲಿಲ್ಲ. ದನದ ಡಾಕ್ಟರಿಗೆ ಫೋನು ಮಾಡಿದಳು.

"ಕಾಲುಬಾಯಿ ರೋಗ ಇದ್ದ ಹಾಗಿದೆ. ನಾಳೆ ಬೆಳಿಗ್ಗೆ ಬರ್ತೀನಿ" ಎಂದರು ಡಾಕ್ಟರು. "ಅಲ್ಲೀವರೆಗೂ ಯಾರನ್ನೂ ಕೊಟ್ಟಿಗೆಗೆ ಬಿಡ್ಬೇಡಿ. ಕೈಗೆ, ಬಟ್ಟೆಗೆ, ಚಪ್ಪಲಿಗೆ ಅಂಟ್ಕೊಂಡು ಹೋಗುತ್ತೆ ಅದು. ಗಾಳೀಲೂ ಹೋಗುತ್ತೆ ಅನ್ನಿ, ಅದಕ್ಕೇನೂ ಮಾಡೋಕಾಗಲ್ಲ. ಇದನ್ನಾದ್ರೂ ತಡೀಬಹುದು."

ಅವಳು ಆಗಲಿ ಎಂದು ಫೋನಿಟ್ಟಳು, ಮತ್ತೆ ಎತ್ತಿಕೊಂಡು ಪ್ರಾರ್ಥನಾ ಕೂಟದವರಿಗೆಲ್ಲ ಮಾಡಿದಳು. ನಲವತ್ತು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದೇ ಅದು. ಕಷ್ಟ ಬಂದರೆ ಸಭೆಯವರನ್ನು ಕರೆ.

ಬಾಗಿಲಲ್ಲಿ ನಿಂತಿದ್ದ ಗಂಡ ಅಪರೂಪಕ್ಕೆ ಬಾಯಿಬಿಟ್ಟ. "ಡಾಕ್ಟರು ಬೇಡ ಅಂದ್ರಲ್ಲ. ಅಂಗಳದಲ್ಲೇ ಮಾಡ್ಸು."

"ಕೈಯಿಡದೆ ಪ್ರಾರ್ಥನೆ ಮಾಡೋದು ಅಂದ್ರೆ ಫೋನಲ್ಲಿ ಹಾಲು ಕರೆದ ಹಾಗೆ" ಎಂದಳು ಅವಳು. "ಡಾಕ್ಟರು ಹೇಳಿದ್ದು ಬೇರೆಯವರಿಗೆ. ಸಭೆಯವರು ಬೇರೆಯವರಾ?"

ಅವನು ಹೊಲಕ್ಕೆ ಹೋದ.

ಸಂಜೆ ನಾಲ್ಕಕ್ಕೆ ಹನ್ನೊಂದು ಜನ ಬಂದರು. ಎಲ್ಲರೂ ದನ ಸಾಕಿದವರೇ. ಮಗಳ ಮನೆಯವರು ಮಾತ್ರ ಬರಲಿಲ್ಲ, ಬೀಗಿತ್ತಿಗೆ ಮಂಡಿನೋವು. ಬಂದವರು ಸಗಣಿ ತುಳಿದುಕೊಂಡು ಕೊಟ್ಟಿಗೆಯೊಳಗೆ ನಿಂತು ಹಾಡಿದರು, ಒಂದೊಂದು ಹಸುವಿನ ಹಣೆಯ ಮೇಲೂ, ಬೆನ್ನಿನ ಮೇಲೂ ಕೈಯಿಟ್ಟು ಕಣ್ಣೀರಿಟ್ಟರು. ಬಾಡಿಗೆ ಮನೆಯ ಹಿಂದೆ ಒಂದೇ ಒಂದು ಹಸು ಕಟ್ಟಿಕೊಂಡಿದ್ದ ದರ್ಜಿ ಹೆಂಗಸು, ಪಾಪ, ಮುದಿ ಹಸುವಿನ ಜೊಲ್ಲನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಆಮೆನಕ್ಕನಿಗೆ ಎದೆ ತುಂಬಿ ಬಂತು. ನನಗೆ ಯಾರಿಲ್ಲ ಎಂದರೂ ಇಷ್ಟು ಜನ ಇದ್ದಾರಲ್ಲ ಅನ್ನಿಸಿತು. ಹಾಲು ಕರೆಯುವ ಹೊತ್ತಾಯಿತೆಂದು ಎಲ್ಲರೂ ಅಲ್ಲಿಂದ ನೆಟ್ಟಗೆ ತಂತಮ್ಮ ಕೊಟ್ಟಿಗೆಗಳಿಗೆ ಹೋದರು.

ಐದೇ ದಿನದಲ್ಲಿ ಅವಳ ಎರಡು ಕರುಗಳೂ ಸತ್ತವು. ಒಂದು ತಾಯಿಯ ಕೆಚ್ಚಲಿಗೆ ಬಾಯಿಡಲು ಹೋಗಿ ಹಾಗೇ ಕುಸಿಯಿತು. ಹಸುಗಳು ಉಳಿದರೂ ಹಾಲು ಬತ್ತಿತು. ಆ ದುಃಖವೇ ಬೆಟ್ಟದಷ್ಟಿತ್ತು. ಅದನ್ನೂ ಹೊತ್ತೇನು ಎಂದುಕೊಳ್ಳುವಷ್ಟರಲ್ಲಿ ಫೋನು ಬರತೊಡಗಿತು. ದರ್ಜಿಯ ಹಸುವಿಗೆ ಜೊಲ್ಲು. ಪಾಸ್ಟರ ಅಣ್ಣನ ಮನೆಯಲ್ಲಿ ನಾಲ್ಕು ಹಸು ಮಲಗಿವೆ. ಹನ್ನೆರಡು ದಿನ ತುಂಬುವುದರೊಳಗೆ ಒಂಬತ್ತು ಮನೆ. ಔಷಧ ಹಾಕಲು ಬಂದ ಡಾಕ್ಟರು ಅವಳ ಅಂಗಳದಲ್ಲಿ ಬೂಟು ತೊಳೆಯುತ್ತ ಕೇಳಿದರು.

"ಅಕ್ಕಾ, ಅವತ್ತು ಯಾರಾದ್ರೂ ಬಂದಿದ್ರಾ?"

ಅವಳು ಒಬ್ಬೊಬ್ಬರನ್ನೇ ಹೇಳುತ್ತ ಹೋದಳು. ಅರ್ಧಕ್ಕೆ ಬರುವಾಗಲೇ ತಾನು ಹೇಳುತ್ತಿರುವುದು ರೋಗ ಬಿದ್ದ ಮನೆಗಳ ಪಟ್ಟಿ ಎಂದು ಅವಳಿಗೇ ಗೊತ್ತಾಯಿತು. ಡಾಕ್ಟರು ಬೈಯಲಿಲ್ಲ. ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಚಪ್ಪಲಿ ಅದ್ದಬೇಕು, ಕೈ ತೊಳೆಯಬೇಕು ಎಂದು ಇನ್ನೊಮ್ಮೆ ಹೇಳಿ ಹೋದರು. ಗಂಡನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದಳು, ಮೇಜಿನ ಮುಂದೆ ಕೂರುತ್ತಿದ್ದಳು, ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ದೇವರ ಮೇಲೆ ಸಿಟ್ಟೇ ಎಂದರೆ ಅದೂ ಅಲ್ಲ. ಅವನ ಹೆಸರು ಹೇಳಿ ಒಂಬತ್ತು ಮನೆ ಬಾಗಿಲಿಗೆ ಮಾರಿ ಕಳಿಸಿದವಳು ಯಾವ ಮುಖ ಹೊತ್ತು ಮತ್ತೆ ಕೇಳುವುದು? ಇನ್ನು ಉಳಿದದ್ದು ಒಂದೇ. ಸಭೆಯಲ್ಲಿ ರೋಗ ಕಾಣದ ಕೊಟ್ಟಿಗೆ ಮಗಳದ್ದೊಂದೇ. ಅದೊಂದು ಉಳಿದರೆ ಸಾಕೆಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು. ಮಗಳ ಮನೆ ಕಡೆ ಕಾಲು ಹಾಕುವುದನ್ನೇ ಬಿಟ್ಟಿದ್ದಳು, ಮೊಮ್ಮಗುವನ್ನು ನೋಡಲೂ ಹೋಗಿರಲಿಲ್ಲ.

ಭಾನುವಾರ ಸಭೆಯಲ್ಲಿ, ದೇವರ ಉಪಕಾರಗಳಿಗೆ ಒಬ್ಬೊಬ್ಬರೇ ಸಾಕ್ಷಿ ಹೇಳುವ ಹೊತ್ತಿಗೆ ಬೀಗಿತ್ತಿ ಕೋಲೂರಿ ಎದ್ದು ನಿಂತಳು. ಮಾತಿನಲ್ಲೂ ವಿಶ್ವಾಸದಲ್ಲೂ ಗಟ್ಟಿ ಹೆಂಗಸು. "ಈ ಶುಕ್ರವಾರ ನಮ್ಮ ಕೊಟ್ಟಿಗೇಲಿ ಕೂಟ. ರೋಗ ಬಂದ್ಮೇಲೆ ಅಳೋದಲ್ಲ, ಬರೋಕ್ಕೆ ಮುಂಚೆ ಪ್ರಾರ್ಥನೆಯಿಂದ ಬೇಲಿ ಹಾಕೋಣ. ಎಲ್ಲರೂ ಬನ್ನಿ, ಕೈಯಿಡಿ."

ಆಮೆನಕ್ಕ ತನಗರಿವಿಲ್ಲದೆ ಎದ್ದು ನಿಂತಳು. "ನಾನು ಹೇಳೋದು ಕೇಳಿ. ಯಾರನ್ನೂ ಬಿಡ್ಬೇಡಿ ಅಂತ ಡಾಕ್ಟರು ನನಗೆ ಮೊದ್ಲೇ ಹೇಳಿದ್ರು. ನಾನು ಕೇಳ್ಲಿಲ್ಲ. ನಿಮ್ಮನ್ನ ಒಳಗೆ ಕರೆದು, ನಿಮ್ಮ ಕೈಗೆ ರೋಗ ಹಚ್ಚಿ ಕಳ್ಸಿದೋಳು ನಾನು. ನಿಮ್ಮ ಹಸು ಮಲಗಿದ್ದು ನನ್ನಿಂದ. ಶುಕ್ರವಾರ ಯಾರೂ ಹೋಗ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ದರ್ಜಿ ಹೆಂಗಸು ಬೆಂಚು ದಾಟಿ ಬಂದು ಅವಳನ್ನು ತಬ್ಬಿಕೊಂಡಳು. ದರ್ಜಿಯ ಆ ಒಂದೇ ಹಸು ಹಿಂದಿನ ದಿನವಷ್ಟೇ ಸತ್ತಿತ್ತು. "ಹಾಗನ್ಬೇಡಿ ಅಕ್ಕಾ. ನೀವೇನು ಮಾಡಿದ್ರಿ? ಗಾಳೀಲಿ ಬಂದಿದ್ದು ಅದು. ಕರು ಕಳ್ಕೊಂಡ ಸಂಕಟ ನಿಮ್ಮ ಬಾಯಲ್ಲಿ ಹೀಗೆಲ್ಲ ಆಡಿಸ್ತಿದೆ."

"ದೇವರ ಮನೇಲಿ ನಿಂತು ಪ್ರಾರ್ಥನೆಯಿಂದ ರೋಗ ಬಂತು ಅಂತೀರಲ್ಲ" ಎಂದಳು ಬೀಗಿತ್ತಿ. "ಈ ಅಪನಂಬಿಕೆ ನಮ್ಮ ಹೊಸಿಲು ದಾಟದಿದ್ರೆ ಸಾಕು."

ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಅಕ್ಕನ ಮನಸ್ಸಿನ ಸಮಾಧಾನಕ್ಕಾಗಿ ಬೇಡಿಕೊಳ್ಳೋಣ ಎಂದು ಪಾಸ್ಟರು ಎಲ್ಲರನ್ನೂ ಎಬ್ಬಿಸಿದರು. ಆ ಪ್ರಾರ್ಥನೆ ತುಂಬ ಉದ್ದವಾಯಿತು, ನಡುವೆ ಕಡಿಯುವವರಿರಲಿಲ್ಲ. ತಪ್ಪೊಪ್ಪಿಕೊಂಡವರನ್ನು ಬೈಯಬಹುದು, ಹೊಡೆಯಬಹುದು, ಮನಸ್ಸು ದೊಡ್ಡದಿದ್ದರೆ ಕ್ಷಮಿಸಬಹುದು. ನೀನು ತಪ್ಪೇ ಮಾಡಿಲ್ಲ ಬಿಡು ಎಂದು ಬೆನ್ನು ಸವರಿದರೆ ಆ ಮನುಷ್ಯ ಎಲ್ಲಿಗೆ ಹೋಗಬೇಕು? ಅವರದೂ ತಪ್ಪೆನ್ನಲಾರೆ. ಅವಳ ಮಾತು ನಿಜವಾದರೆ ತಮ್ಮ ಕೈಯಾರೆ ತಮ್ಮ ಹಸುಗಳನ್ನು ಕೊಂದುಕೊಂಡಂತೆ. ಅದನ್ನು ನುಂಗುವ ಗಂಟಲು ಯಾರಿಗಿದೆ?

ಶುಕ್ರವಾರ ಅವಳು ತಲೆಯಿಂದ ಸ್ನಾನ ಮಾಡಿ, ಕುದಿನೀರಲ್ಲಿ ಒಗೆದ ಬಟ್ಟೆ ಉಟ್ಟು, ಸೋಡಾ ಪೊಟ್ಟಣ ಹಿಡಿದು ಹೊರಟಳು. ಗಂಡ ಹಿಂದಿನಿಂದ ಅಗಲ ಬಾಯಿಯ ಬಕೆಟ್ ತಂದುಕೊಟ್ಟ. ಮಗಳ ತೋಟದ ಗೇಟು ದಾಟದೆ ಹೊರಗೇ ನಿಂತು, ಬಕೆಟ್ಟಿಗೆ ನೀರು ತರಿಸಿ ಸೋಡಾ ಕದಡಿದಳು. ಬಂದವರಿಗೆಲ್ಲ ಕೈಮುಗಿದಳು. "ಒಳಗೆ ಹೋಗೋದಾದ್ರೆ ಹೋಗಿ. ಇದ್ರಲ್ಲಿ ಚಪ್ಪಲಿ ಅದ್ದಿ, ಕೈ ತೊಳ್ಕೊಂಡು ಹೋಗಿ."

ಜನ ಅವಳನ್ನೂ ಬಕೆಟ್ಟನ್ನೂ ನೋಡಿದರು. ಯಾರೋ ಮೆಲ್ಲಗೆ, "ಪಾದ ತೊಳೆಯೋ ಸೇವೆ, ಸ್ವಾಮಿ ಶಿಷ್ಯರ ಪಾದ ತೊಳೆದ ಹಾಗೆ" ಎಂದರು. ಅಷ್ಟೇ ಸಾಕಾಯಿತು. ಪಾಸ್ಟರ ಅಣ್ಣ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಬರಿಗಾಲನ್ನು ನೀರಿಗಿಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಸಾಲು ನಿಂತರು. ಹೆಂಗಸರು ಕಣ್ಣೊರೆಸಿಕೊಂಡರು. ಎಂಥ ದೀನತೆ, ಎಂಥ ತಾಯಿ!

"ಕಾಲಲ್ಲ, ಚಪ್ಪಲಿ! ಚಪ್ಪಲಿ ಅದ್ದಿ!" ಎಂದು ಅವಳು ಕೂಗಿದಳು. ಅವರು ಅವಳ ತಲೆ ನೇವರಿಸಿದರು, ಒದ್ದೆ ಕಾಲನ್ನು ಅದೇ ಸಗಣಿ ಮೆತ್ತಿದ ಚಪ್ಪಲಿಗೆ ತೂರಿಸಿಕೊಂಡು ಹಾಡುತ್ತ ಒಳಗೆ ಹೋದರು. ಒಂದೆರಡು ಜೊತೆಯನ್ನು ಅವಳೇ ಕಸಿದುಕೊಂಡು ಅದ್ದಿದಳು. ಇಪ್ಪತ್ತು ಜನರ ಚಪ್ಪಲಿ ಒಬ್ಬಳು ಎಲ್ಲಿಂದ ಕಸಿದುಕೊಳ್ಳುವುದು?

ಹಾಡು ನಡೆಯುತ್ತಿರುವಾಗ ಮಗಳು ಗೇಟಿನ ಬಳಿ ಓಡಿ ಬಂದಳು. "ಅಮ್ಮಾ, ಎಲ್ಲರೂ ಕೈಯಿಟ್ಟಾಯ್ತು. ಕೆಂಪು ಹಸು ಮಾತ್ರ ಉಳ್ಸಿದೀನಿ. ನೀನು ಸಾಕಿದ್ದು ಅದು, ನಿನ್ನ ಕೈಗುಣ ಎಲ್ಲರಿಗೂ ಗೊತ್ತು. ಬಾ, ಒಂದೇ ಒಂದ್ಸಲ."

"ನನ್ನ ಕೈ ಬೇಡ ಕಣೇ."

"ಅತ್ತೆ ನೋಡ್ತಿದಾರೆ ಅಮ್ಮಾ. ನನ್ನ ಮಾನ ಉಳ್ಸು."

"ನಿನ್ನ ಹಸು ಉಳೀಲಿ ಅಂತಾನೇ ಬೇಡ ಅಂತಿರೋದು."

ಮಗಳು ಅವಳ ಕೈ ಹಿಡಿದೆಳೆದಳು. ಅವಳು ಕೊಸರಿಕೊಂಡು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿ ಅದನ್ನು ಕಣ್ತುಂಬ ನೋಡಿದಳು. ಮಗಳು ತಿರುಗಿ ಒಳಗೆ ಹೋದಳು. ಮನೆಗೆ ಮರಳುವ ಎರಡು ಮೈಲಿಯೂ ಆಮೆನಕ್ಕ ಅಳುತ್ತಲೇ ನಡೆದಳು.

ಎಂಟನೆಯ ದಿನ ಬೆಳಿಗ್ಗೆ, ಒಲೆಯ ಮೇಲೆ ನೀರಿಡುವಾಗ ಫೋನು ಬಂತು. ಮಗಳು ಮಾಡಿದ್ದಳು.

"ಅಮ್ಮಾ, ಕೆಂಪು ಹಸು ಕಂದು ಹಾಕ್ತು, ಕರು ಸತ್ತೇ ಬಿತ್ತು. ಬಾಯಲ್ಲೆಲ್ಲ ಹುಣ್ಣು. ಏಳ್ತಾನೇ ಇಲ್ಲ. ಬೇರೆ ಹಸುಗಳೂ ಕುಂಟ್ತಿವೆ." ಬಿಕ್ಕಿದಳು. "ಎಲ್ಲರೂ ಕೈಯಿಟ್ರು, ನೀನೊಬ್ಬಳು ಇಡ್ಲಿಲ್ಲ. ಹೆತ್ತ ತಾಯೇ ಕೈ ಹಿಂದೆ ಕಟ್ಕೊಂಡ್ಮೇಲೆ ದೇವರು ಹೇಗೆ ಕೇಳ್ತಾನೆ ಅಂತಾರೆ ಅತ್ತೆ. ಸಭೆಯವರೆಲ್ಲ ಅದನ್ನೇ ಅಂತಿದಾರೆ. ನೀನೇ ಹೇಳಮ್ಮಾ, ತಪ್ಪು ನಿಂದಲ್ವಾ?"

ಹೇಳಬೇಕಾದದ್ದನ್ನೆಲ್ಲ ಅವಳು ಆಗಲೇ ಹೇಳಿಯಾಗಿತ್ತು. ಕೇಳಿದ್ದು ಗಂಡನೊಬ್ಬನೇ, ಅವನೀಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತಿದ್ದ.

"ಹೌದು ಕಣೇ" ಎಂದಳು. "ತಪ್ಪು ನಂದೇ."

ಆ ಕಡೆ ಮಗಳ ಅಳು ನಿಂತಿತು. ಬೇಗ ಕ್ಷಮಿಸುವ ಹುಡುಗಿ ಅವಳು, ಚಿಕ್ಕಂದಿನಿಂದಲೂ ಹಾಗೇ ಬೆಳೆಸಿದ್ದರು. "ಆಯ್ತು ಬಿಡಮ್ಮಾ. ನಾನು ಮನಸ್ಸಲ್ಲಿ ಇಟ್ಕೊಳ್ಳಲ್ಲ. ಅತ್ತೆಗೂ ಹೇಳ್ತೀನಿ. ಇವತ್ತಾದ್ರೂ ಬಂದು ಕೈಯಿಡ್ತೀಯಾ?"

"ಬರ್ತೀನಿ" ಎಂದಳು ಅವಳು. "ಇನ್ನು ಬರೋಕ್ಕೇನು ಅಡ್ಡಿ."